ಚೌಪಾಟಿಯಿಂದ ಮಾಹೀಮಿನವರೆಗೆ

ಮಾಸೂರಿನ ಗುತ್ತೆವ್ವ ಸಮುದ್ರ ನೋಡಿದ್ದು ಜೀವಮಾನದಲ್ಲಿ ಒಂದೇ ದಿನ. ಅಂದು ಬೆಳಗಿನಿಂದ ಹೊತ್ತು ಮುಳುಗುವ ತನಕ ಗಂಡನ ಜೊತೆ ಮುಂಬಯಿಯ ದಂಡೆಗುಂಟ ನಡೆದಳು, ಈಸಿದಳು, ಅವನು ಕೊಡಿಸಿದ್ದನ್ನೆಲ್ಲ ತಿಂದಳು. ಊರ ಹೆಂಗಸರಲ್ಲಿ ಅಂಥ ಭಾಗ್ಯ ಯಾರಿಗೂ ಬಂದಿರಲಿಲ್ಲ. ಆದರೆ ಯಾರಾದರೂ ಆ ದಿನದ ಮಾತು ತೆಗೆದರೆ ಅವಳು ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಅವಳ ತವರು ಚಿಕ್ಕೇರೂರು. ಗಂಡ ಪರಮೇಶಪ್ಪ ಎತ್ತರದ ಆಳು, ಮಾತು ಕಡಿಮೆ, ನೀರು ಕಂಡರೆ ಹುಚ್ಚು. ಮದುವೆಯಾದ ಮೊದಲ ಬೇಸಿಗೆಯಲ್ಲೇ ಅವಳ ನಡುವಿಗೆ ಒಣ ಸೋರೆಬುರುಡೆ ಕಟ್ಟಿ ಮದಗದ ಕೆರೆಗೆ ಇಳಿಸಿದ. ಅತ್ತೆ ಊರೆಲ್ಲ ಕೇಳುವಂತೆ ಬೈದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ಅವಳು ಬುರುಡೆಯಿಲ್ಲದೆ ಅವನ ಬೆನ್ನಿಗೇ ಈಸುತ್ತಿದ್ದಳು.

ಕೆಲವು ವರ್ಷ ಹಾಗೇ ಕಳೆದವು. ಮಕ್ಕಳಾಗಲಿಲ್ಲ. ಆಮೇಲೆ ಅವನು ಬದಲಾದ. ಎತ್ತಿನ ವ್ಯಾಪಾರ ಅಂತ ಹೇಳಿ ಮೇಲಿಂದ ಮೇಲೆ ಹಾನಗಲ್ಲಿಗೆ ಹೋಗಿಬರುತ್ತಿದ್ದ, ಆದರೆ ಎತ್ತು ಒಂದೂ ಬರಲಿಲ್ಲ. ಹಾಸಿಗೆಯನ್ನು ದನದ ಕೊಟ್ಟಿಗೆಗೆ ಒಯ್ದ. ಊಟಕ್ಕೆ ಬೇರೆ ಕೂಡುತ್ತಿದ್ದ. ಮಕ್ಕಳಿಲ್ಲದ ಹೆಂಡತಿ ಅವನಿಗೆ ಬೇಸರವಾಗಿದ್ದಾಳೆ ಅಂತ ಗುತ್ತೆವ್ವ ತಿಳಿದಳು. ಒಂದು ದಿನ ಅವನು ಮುಂಬಯಿಯ ಗಿರಣಿಗೆ ಹೋಗುತ್ತೇನೆಂದು ಗಂಟು ಕಟ್ಟಿದಾಗ ಅವಳು ಯಾಕೆಂದು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬಂದೀತೋ ಎಂಬ ಅಂಜಿಕೆ.

ಎರಡು ವರ್ಷ ಅವನ ಮುಖ ಕಾಣಲಿಲ್ಲ. ೧೯೩೮ರ ಚಳಿಗಾಲದಲ್ಲಿ ಸವಣೂರಿನ ಖಾದರಸಾಬ ಮಾಸೂರಿಗೆ ಬಂದ. ಅವನು ಮುಂಬಯಿಗೆ ವೀಳ್ಯದೆಲೆಯ ಬುಟ್ಟಿ ಕಳಿಸುವ ವ್ಯಾಪಾರಿ, ಅಲ್ಲಿಗೆ ಹೋದಾಗಲೆಲ್ಲ ಪರಮೇಶಪ್ಪನನ್ನು ಕಂಡು ಬರುತ್ತಿದ್ದ.

"ತಂಗೀ, ನಿನ್ನ ಗಂಡ ನಿನ್ನ ಒಮ್ಮೆ ಕರಕೊಂಡ ಬಾ ಅಂದಾನ. ಸಮುದ್ರ ತೋರಿಸ್ತಾನಂತ," ಅಂದ. "ನನ್ನ ಮನಿಯಾಕಿನೂ ಬರ್ತಾಳ, ಒಬ್ಬಾಕಿ ಅಂತ ಅಂಜಬ್ಯಾಡ."

ಯಲವಿಗಿಯಲ್ಲಿ ರೈಲು ಹತ್ತಿದರು. ಖಾದರಸಾಬನ ಹೆಂಡತಿ ಬಾನುಬಿ ದಾರಿಯುದ್ದಕ್ಕೂ ನಗಿಸಲು ನೋಡಿದಳು. ಗುತ್ತೆವ್ವನ ತಲೆಯಲ್ಲಿ ಒಂದೇ ವಿಚಾರ: ಅವನು ಅಲ್ಲಿ ಬೇರೆ ಹೆಂಗಸನ್ನು ಇಟ್ಟುಕೊಂಡಿದ್ದಾನೆ, ಅದನ್ನು ಹೇಳಲಿಕ್ಕೆ ಕರೆಸಿದ್ದಾನೆ.

ಇಳಿದುಕೊಂಡಿದ್ದು ಬಾನುಬಿಯ ಅಕ್ಕನ ಮನೆಯಲ್ಲಿ. ಮರುದಿನ ಬೆಳಿಗ್ಗೆ ಪರಮೇಶಪ್ಪ ಬಂದ. ಮೈತುಂಬ ಅಂಗಿ, ತಲೆಗೆ ಕಿವಿ ಮುಚ್ಚುವಂತೆ ಸುತ್ತಿದ ರುಮಾಲು, ಬರಿಗಾಲು. ಹುಬ್ಬು ತೆಳ್ಳಗಾಗಿತ್ತು, ಮುಖ ಊದಿಕೊಂಡಂತಿತ್ತು. ನಗರದ ನೀರು ಅಂತ ಅವಳು ಅಂದುಕೊಂಡಳು.

"ನಿಮ್ಮ ಖೋಲಿಗೆ ಕರಕೊಂಡ ಹೋಗ್ರಿ."

"ಅಲ್ಲಿ ಹತ್ತ ಮಂದಿ ಗಂಡಸರ ಇರ್ತಾರ. ಬ್ಯಾಡ. ಇವತ್ತ ದಂಡಿಗುಂಟ ನಡಿಯೂಣು."

ಚೌಪಾಟಿಯ ಮರಳಿಗೆ ಇಳಿದಾಗ ಗುತ್ತೆವ್ವನಿಗೆ ಮೊದಲು ಕಂಡದ್ದು ನೀರಲ್ಲ, ಆಚೆ ದಂಡೆ ಇಲ್ಲದ್ದು. ಕೆರೆ ಅಂದಮೇಲೆ ಆಚೆ ಏನಾದರೂ ಇರಬೇಕು. ಇಲ್ಲಿ ಏನೂ ಇರಲಿಲ್ಲ. ಅವನು ಎಳನೀರು ಕೊಡಿಸಿದ, ಚುರುಮುರಿ ಕೊಡಿಸಿದ. ತಾನು ಒಂದು ಕಾಳನ್ನೂ ಅವಳ ಪೊಟ್ಟಣದಿಂದ ಎತ್ತಲಿಲ್ಲ. ಮೊದಲು ಅವಳ ತಟ್ಟೆಯಿಂದ ಕಸಿದು ತಿನ್ನುತ್ತಿದ್ದ ಮನುಷ್ಯ.

ಗುಡ್ಡ ಬಳಸಿ, ಸಾಹೇಬರ ಬಂಗಲೆಗಳ ಕೆಳಗೆ ಹಾದು, ಮತ್ತೆ ನೀರಿನ ಅಂಚಿಗೆ ಬಂದರು. ದಾರಿಯಲ್ಲಿ ಒಂದು ಇರಾಣಿ ಹೋಟೆಲಿನ ಮುಂದೆ ಅವಳಿಗೆ ಚಹಾ, ಬೆಣ್ಣೆ ಸವರಿದ ಬ್ರೆಡ್ಡು ತಂದುಕೊಟ್ಟು, ತಾನು ರಸ್ತೆಯ ಆಚೆ ಹೋಗಿ ನಿಂತ. ಅವನು ಉಪಚಾರ ಮಾಡಿದಷ್ಟೂ ಅವಳ ಎದೆ ಭಾರವಾಗುತ್ತಿತ್ತು.

ವರಳಿಯ ಹತ್ತಿರ ಬೆಸ್ತರ ಬಲೆಗಳು ಒಣಗುತ್ತಿದ್ದವು. ಜನ ಕಡಿಮೆ. "ಈಸ್ತೀಯೇನು?" ಅಂತ ಅವನೇ ಕೇಳಿದ.

"ನೀವೂ ಬರ್ರಿ."

"ನಾ ಒಲ್ಲೆ. ನೀ ಹೋಗು, ನಾ ನೋಡ್ತೇನಿ."

ಗುತ್ತೆವ್ವ ಕಚ್ಚೆ ಬಿಗಿದು ಇಳಿದಳು. ಬಾಯಿಗೆ ಉಪ್ಪು ನುಗ್ಗಿತು, ಕಣ್ಣು ಉರಿಯಿತು. ಆದರೆ ಈ ನೀರು ಕೆರೆಯ ನೀರಿನ ಹಾಗೆ ಕೆಳಗೆ ಎಳೆಯಲಿಲ್ಲ, ಎತ್ತಿ ಎತ್ತಿ ತೇಲಿಸುತ್ತಿತ್ತು. ಸ್ವಲ್ಪ ಹೊತ್ತು ಎಲ್ಲ ಮರೆತಳು. ತಿರುಗಿ ನೋಡಿದರೆ ಅವನು ಮೊಣಕಾಲು ಅಪ್ಪಿಕೊಂಡು ಕುಂತಿದ್ದ. ಬಿಸಿಲಲ್ಲಿ ಅವನ ರುಮಾಲೊಂದೇ ಕಾಣುತ್ತಿತ್ತು. ನೀರಿನ ಹುಚ್ಚಿನವನು ನೀರಿಗೆ ಇಳಿಯಲಾರದಷ್ಟು ತನ್ನ ಮೇಲೆ ಬೇಸರವೇ ಅಂತ ಅವಳಿಗೆ ಅಳು ಬಂತು. ಅತ್ತಳು. ನೀರಲ್ಲಿ ಅತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ.

ದಾದರದ ಒಂದು ಖಾನಾವಳಿಯಲ್ಲಿ ಜುಣಕ, ಭಾಕರಿ, ಉಳ್ಳಾಗಡ್ಡಿ. ಊರು ಬಿಟ್ಟ ಮೇಲೆ ಮೊದಲ ಸಲ ಊರ ಊಟದಂಥ ಊಟ. ಅವನು ತನ್ನ ಪಾಲನ್ನು ಎಲೆಯಲ್ಲಿ ಕಟ್ಟಿಸಿಕೊಂಡು ಹೊರಗೆ ಮರದ ಬುಡಕ್ಕೆ ಹೋದ. ಗುತ್ತೆವ್ವ ಒಳಗೆ ಅಪರಿಚಿತರ ನಡುವೆ ಒಬ್ಬಳೇ ಉಂಡಳು.

ಹೊರಗೆ ಬಂದಾಗ ಮಾತು ತಡೆಯಲಾಗಲಿಲ್ಲ. "ಆಕಿ ಯಾರ ಅಂತ ಹೇಳಿಬಿಡ್ರಿ. ಹಿಂಗ ಉಣಿಸಿ ತಿನಿಸಿ ಕೊಲ್ಲಬ್ಯಾಡ್ರಿ."

"ಯಾವಾಕಿ?" ಅವನು ನಿಜವಾಗಿ ತಿಳಿಯದೆ ಅವಳ ಮುಖ ನೋಡಿದ. ಆಮೇಲೆ ಮುಂದೆ ನಡೆದ.

ಮಾಹೀಮಿನ ಕಡೆ ದಂಡೆ ಒರಟು. ಕಲ್ಲಿಗೆ ಅಂಟಿದ ಚಿಪ್ಪುಗಳು ಕತ್ತಿಯಂತೆ ಇದ್ದವು. ಗುತ್ತೆವ್ವ ನೋಡಿ ನೋಡಿ ಹೆಜ್ಜೆ ಇಡುತ್ತ ಹಿಂದೆ ಬಿದ್ದಳು. ಆಮೇಲೆ ಹಸಿ ಮರಳು ಬಂತು. ಅಲ್ಲಿ ಗಂಡನ ಹೆಜ್ಜೆಗಳನ್ನು ನೋಡಿದಳು. ಎಡಗಾಲಿನ ಪ್ರತಿ ಗುರುತಿನಲ್ಲೂ ಕೆಂಪು.

ಅವನು ಕುಂಟುತ್ತಿರಲಿಲ್ಲ. ನಿಂತು ಕಾಲು ನೋಡಿಕೊಳ್ಳಲೂ ಇಲ್ಲ. ಏನೂ ಆಗದವನಂತೆ ಸಮುದ್ರ ನೋಡುತ್ತ ಹೋಗುತ್ತಿದ್ದ.

"ನಿಲ್ರಿ! ಕಾಲ ಕೊಯ್ದೈತಿ!"

ಅವನು ನಿಂತ. ಹಿಮ್ಮಡಿ ಬಾಯಿ ಬಿಟ್ಟಿತ್ತು. ಅವಳು ಸೆರಗು ಹರಿದು ಬಗ್ಗಿದಳು.

"ಮುಟ್ಟಬ್ಯಾಡ," ಅಂತ ಚೀರಿದ. ಹಿಂದೆ ಸರಿದು, ಮರಳಲ್ಲಿ ಕುಸಿದು ಕುಂತ. "ನನಗ ಅದು ಗೊತ್ತಾಗಂಗಿಲ್ಲ, ಗುತ್ತೀ. ಕಾಲಾಗ ಜೀವ ಇಲ್ಲ. ಕೈಯಾಗೂ ಅರ್ಧಾ ಹೋಗೇತಿ."

ಅಂಗಿಯ ತೋಳು ಮೇಲೆ ಸರಿಸಿದ. ಬಿಳಿಚಿದ ಮಚ್ಚೆ ಮೊಣಕೈ ತನಕ ಹಬ್ಬಿತ್ತು. ಕುಷ್ಠ. ಊರವರು ಹೆಸರು ಹೇಳಲು ಅಂಜಿ ದೊಡ್ಡ ರೋಗ ಅನ್ನುವಂಥದ್ದು. ಹಾನಗಲ್ಲಿನ ವೈದ್ಯರು ಮೊದಲೇ ಹೇಳಿದ್ದರು. ಗಿರಣಿ ಅನ್ನುವುದೆಲ್ಲ ಸುಳ್ಳು, ಅವನು ಬಂದದ್ದು ಔಷಧಕ್ಕೆ. ಸೂಜಿ ಚುಚ್ಚಿಸಿಕೊಂಡ, ಹಮಾಲಿ ಮಾಡಿದ, ಮುಖದ ಮೇಲೆ ಕಾಣತೊಡಗಿದ ಮೇಲೆ ಕೆಲಸ ಹೋಯಿತು. ಮರುದಿನ ಮುಂಬಯಿಯ ಅಂಚಿನ ದೊಡ್ಡ ಗೋಡೆಯ ಆಸ್ಪತ್ರೆಗೆ ಸೇರುವವನಿದ್ದ. ಒಳಗೆ ಹೋದವರು ಹೊರಗೆ ಬರುವುದು ಕಡಿಮೆ.

"ಅದಕ್ಕ ನಿನ್ನ ಒಂದ್ಸಲ ನೀರಾಗ ನೋಡಬೇಕನಿಸ್ತು," ಅಂದ.

ಅವನು ಕಾಲು ಎಳೆದುಕೊಂಡರೂ ಗುತ್ತೆವ್ವ ಬಿಡದೆ ಹಿಡಿದು, ಹರಿದ ಸೆರಗನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಬೇರೆ ಹೆಂಗಸು ಇದ್ದಿದ್ದರೆ ಚಲೋ ಇತ್ತು ಅಂತ ಆ ಕ್ಷಣ ಅವಳಿಗೆ ಅನಿಸಿತು.

"ನಾನೂ ಅಲ್ಲೇ ಇರ್ತೇನಿ."

"ರೋಗ ಇಲ್ಲದವರನ್ನ ಬಿಡಂಗಿಲ್ಲ. ನೀ ಹೊಳ್ಳಿ ಹೋಗು. ಸತ್ತಾನ ಅಂತ ಹೇಳಿಬಿಡು."

"ಅದನ್ನೊಂದ ಹೇಳಂಗಿಲ್ಲ," ಅಂದಳು.

ಹೊತ್ತು ಮುಳುಗಿತು. ಇಬ್ಬರೂ ಎದ್ದು ನಡೆದರು. ಈಗ ಅವಳು ಮುಂದೆ, ಚಿಪ್ಪು ಕಂಡಲ್ಲೆಲ್ಲ ಕಾಲಿಂದ ಬದಿಗೆ ಸರಿಸುತ್ತ.

ಮಾಸೂರಿಗೆ ಬಂದು ಗಂಡ ಮುಂಬಯಿಯಲ್ಲಿ ಇದ್ದಾನೆ ಅಂತಷ್ಟೇ ಹೇಳಿದಳು. ಆದರೆ ಇಂಥ ಸುದ್ದಿ ಎಷ್ಟು ದಿನ ಅಡಗೀತು? ಯಾವುದೋ ಬಾಯಿಂದ ಊರಿಗೆ ಬಂತು. ಬಾವಿಯ ಹತ್ತಿರ ಹೆಂಗಸರು ಅವಳ ಕೈಕಾಲು ದಿಟ್ಟಿಸಿ ನೋಡಿ, ತಮ್ಮ ಕೊಡ ಎತ್ತಿಕೊಂಡು ಸರಿಯತೊಡಗಿದರು. ಗದ್ದೆಯ ನಾಟಿಗೆ ಅವಳನ್ನು ಸಾಲಿನ ತುದಿಗೆ ನಿಲ್ಲಿಸಿದರು. ತವರಿನವರೂ ಬಾ ಅನ್ನಲಿಲ್ಲ. ಅವಳ ಮೈಮೇಲೆ ಒಂದು ಮಚ್ಚೆಯೂ ಏಳಲಿಲ್ಲ. ಆದರೂ ಏಳುತ್ತದೆಂದು ಜನ ಕಾಯ್ದರು. ವರ್ಷಕ್ಕೊಮ್ಮೆ ಖಾದರಸಾಬನ ಕೈಯಲ್ಲಿ ಅವಳು ಜೋಳದ ಕಟಕರೊಟ್ಟಿ, ಶೇಂಗಾದ ಹಿಂಡಿ ಕಳಿಸುತ್ತಿದ್ದಳು.

ಯುದ್ಧದ ನಡುವೆ, ರೈಲಿನಲ್ಲಿ ಕಾಲಿಡಲು ಜಾಗ ಸಿಗದ ಕಾಲದಲ್ಲಿ, ಖಾದರಸಾಬ ಮುಂಬಯಿಯಿಂದ ನೇರವಾಗಿ ಮಾಸೂರಿಗೆ ಬಂದ. ರೊಟ್ಟಿಯ ಗಂಟು ಕಟ್ಟಿದಂತೆಯೇ ಅವನ ಕೈಯಲ್ಲಿತ್ತು. ಗುತ್ತೆವ್ವ ಅದನ್ನು ನೋಡಿ ಕಂಬಕ್ಕೆ ಒರಗಿದಳು.

"ಮಣ್ಣ ಮಾಡಿದರೇನ್ರಿ, ಸುಟ್ಟರೇನ್ರಿ?"

"ಮಣ್ಣ ಮಾಡ್ಯಾರ, ತಂಗೀ, ನಿಮ್ಮ ಪದ್ಧತಿಯಂಗ. ನಾ ಕೇಳಿಕೊಂಡ ಬಂದೇನಿ."

ಮಾತಾಡಿಸಲು ಬಂದ ಹೆಂಗಸರು ಅಂಗಳದಲ್ಲೇ ನಿಂತು ಹೋದರು. ಬದಿಮನೆಯ ದಾನವ್ವ ಮಾತ್ರ ಒಳಗೆ ಬಂದು ಚಾಪೆಯ ಮೇಲೆ ಕುಂತಳು, ಗುತ್ತೆವ್ವನ ಕೈ ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಬಳೆಗಳನ್ನು ಒಡೆಯದೆ ಒಂದೊಂದಾಗಿ ತೆಗೆದಳು.