ನನ್ನ ದರ್ಬಾರಿಗೆ ಬಂದ ಫಿರ್ಯಾದಿ

ಮುಕ್ಕಾಲು ತಾಸಿನ ಮಟ್ಟಿಗೆ ನಾನು ಒಮ್ಮೆ ದೇಸಾಯಿಯಾಗಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚ. ಆಳಿದ್ದು ಸಾಲದು ಎಂಬ ಕೊರಗಿನಿಂದಲ್ಲ, ಆ ಮುಕ್ಕಾಲು ತಾಸು ಹೇಗೆ ಮುಗಿಯಿತು ಎಂದು ಯಾರಾದರೂ ಕೇಳಿಯಾರು ಎಂಬ ಭಯದಿಂದ. ಈಗ ನೀವು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಇಂಡಿ ಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮ ಕಡೆ ಗಣಿತದ ಮಾಸ್ತರನೆಂದರೆ ಅವನು ತಪ್ಪು ಮಾಡುವುದಿಲ್ಲ ಎಂಬ ನಂಬಿಕೆ ಜನರಿಗೆ ಇರುತ್ತದೆ. ನಾನು ಆ ನಂಬಿಕೆಯನ್ನು ಮುರಿಯುವ ಗೋಜಿಗೆ ಹೋಗಿರಲಿಲ್ಲ. ಮೇ ತಿಂಗಳು ಬಂತೆಂದರೆ ಸಾಲೆಗೆ ಸೂಟಿ. ಮನೆಯ ಮಾಳಿಗೆ ಕಾದ ಹಂಚಿನಂತಾಗುತ್ತಿತ್ತು. ಹೆಂಡತಿ ಕಸ್ತೂರಿ, ಮಗಳು ಸವಿತಾ, ನಮ್ಮವ್ವ ಮೂವರೂ ಎಲ್ಲಿಗಾದರೂ ಹೋಗೋಣ ಎಂದು ಶುರುಮಾಡುತ್ತಿದ್ದರು. ನಾನು ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತಿದ್ದೆ: "ಬಿಸಲು ಕಮ್ಮಿ ಆಗ್ಲಿ, ಹೋಗೂಣು." ಬಿಸಿಲು ಕಡಿಮೆಯಾಗುವಷ್ಟರಲ್ಲಿ ಸಾಲೆ ಶುರುವಾಗುತ್ತಿತ್ತು. ಇದು ಬಹಳ ವರ್ಷ ಕೆಲಸ ಮಾಡಿದ ಸೂತ್ರ.

ಆ ವರ್ಷ ಮಾತ್ರ ಗುರಪ್ಪ ಮಾಸ್ತರರು ನಡುವೆ ಬಂದರು. ಅವರು ನಮ್ಮ ಸಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ ತಮ್ಮ ಊರು ಸೇರಿದ್ದರು. ಬಸವನ ಬಾಗೇವಾಡಿಯಿಂದ ಮಸೂತಿಯ ಕಡೆಗೆ ಹೋಗುವಾಗ ಸಿಗುವ ಸಣ್ಣ ಊರು. ಊರ ನಡುವೆ ಒಂದು ಮುರುಕು ವಾಡೆ, ಹಿಂದೆ ಊರು ಆಳಿದ ದೇಸಾಯರ ದೊಡ್ಡ ಮನೆ. ಮಾಸ್ತರರಿಗೆ ಒಂದು ಹುಚ್ಚು. ವರ್ಷಕ್ಕೆ ಒಂದು ದಿನ, ಕಡುಬೇಸಿಗೆಯಲ್ಲಿ, ಆ ವಾಡೆಯಲ್ಲಿ ನೂರಾರು ವರ್ಷದ ಹಿಂದಿನ ಬದುಕನ್ನು ಎಲ್ಲರೂ ಕೂಡಿ ಬದುಕಬೇಕು. "ಇತಿಹಾಸ ಅಂದ್ರ ಓದೂದಲ್ರಿ, ಉಟ್ಟು ನೋಡೂದು, ಉಂಡು ನೋಡೂದು," ಎನ್ನುತ್ತಿದ್ದರು. ಕಾಗದ ಬರೆದು ಕರೆದರು. ಮೂವರು ಹೆಂಗಸರು ಒಂದಾದ ಮೇಲೆ ನನ್ನ ಸೂತ್ರ ನಿಲ್ಲಲಿಲ್ಲ.

ನನ್ನ ಗೆಳೆಯ ಶಿವಣ್ಣ ನಿಂಬೆಹಣ್ಣಿನ ವ್ಯಾಪಾರಿ. ಅವನೂ ಅವನ ಹೆಂಡತಿ ಗಿರಿಜಾಬಾಯಿಯೂ ಜೊತೆಯಾದರು. ಬೆಳಕು ಹರಿಯುವ ಮೊದಲೇ ಒಂದು ಟ್ರ್ಯಾಕ್ಸ್ ಗಾಡಿಯಲ್ಲಿ ಹೊರಟೆವು. ಶಿವಣ್ಣ ಒಂದು ಚೀಲ ನಿಂಬೆಹಣ್ಣು ತಂದಿದ್ದ; ಗಾಡಿ ತಗ್ಗಿಗಿಳಿದಾಗಲೆಲ್ಲ ಅವು ನಮ್ಮ ಕಾಲಡಿ ಉರುಳುತ್ತಿದ್ದವು.

ವಾಡೆಯ ಬಾಗಿಲಲ್ಲೇ ಮಾಸ್ತರರು ಬುಟ್ಟಿ ಹಿಡಿದು ನಿಂತಿದ್ದರು. ಗಡಿಯಾರ, ಬಾಲ್‌ಪೆನ್ನು, ಪ್ಲಾಸ್ಟಿಕ್ ಚೀಲ, ಶಿವಣ್ಣನ ಟ್ರಾನ್ಸಿಸ್ಟರು ಎಲ್ಲ ಅದರಲ್ಲಿ ಬಿದ್ದವು. ಗಂಡಸರಿಗೆ ಧೋತರ, ರುಮಾಲು. ಹೆಂಗಸರಿಗೆ ಇಳಕಲ್ ಸೀರೆ. ಸವಿತಾ ಮತ್ತು ಅವಳ ವಯಸ್ಸಿನ ಹುಡುಗಿಯರನ್ನು ಬೀಸುಕಲ್ಲಿನ ಮುಂದೆ ಕೂಡ್ರಿಸಿದರು. ನನ್ನನ್ನೂ ಶಿವಣ್ಣನನ್ನೂ ಬಾವಿಯ ಹಗ್ಗಕ್ಕೆ ಹಚ್ಚಿದರು. ನಾಲ್ಕು ಕೊಡ ಸೇದುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ನಮ್ಮವ್ವ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡಿ ಬೆರಗಾಗಿ ಕೇಳಿದಳು:

"ಇದನ್ನ ನೋಡಾಕ ಇಷ್ಟ ದೂರ ಬರಬೇಕಿತ್ತೇನೋ? ನಾ ಮದಿವ್ಯಾಗಿ ಬಂದಾಗ ದಿನಾ ಇದನ್ನಽ ಮಾಡ್ತಿದ್ದೆ. ಆಗ ಯಾರೂ ನೋಡಾಕ ಬರಲಿಲ್ಲ."

ಮಾಸ್ತರರು ನಕ್ಕು, "ಅಮ್ಮಾರ, ನೀವಽ ನಮ್ಮ ಇತಿಹಾಸ ನೋಡ್ರಿ," ಎಂದರು. ಅವ್ವ ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಸೆರಗು ಸರಿಮಾಡಿಕೊಂಡಳು.

ಮಧ್ಯಾಹ್ನ ಊಟಕ್ಕೆ ಮೊದಲು ದರ್ಬಾರು. ವಾಡೆಯ ಪಡಸಾಲೆಯಲ್ಲಿ ಒಂದು ಮಂಚ, ಮೇಲೆ ಜಮಖಾನ, ಒಂದು ಲೋಡು. ದೇಸಾಯಿ ಯಾರಾಗಬೇಕೆಂದು ಚೀಟಿ ಎತ್ತಿದರು. ನನ್ನ ಹೆಸರು ಬಂತು. ಊರವರೂ ನಮ್ಮಂತೆ ಹೊರಗಿನಿಂದ ಬಂದವರೂ ಚಪ್ಪಾಳೆ ಹೊಡೆದರು. ನಾನು ಮೀಸೆ ತಿರುವಿ ಲೋಡಿಗೆ ಒರಗಿದೆ. ಸುಳ್ಳೇಕೆ, ಆ ಜಾಗ ನನಗೆ ಹೇಳಿ ಮಾಡಿಸಿದಂತಿದೆ ಎಂದೇ ಅನಿಸಿತು.

ಇಲ್ಲಿ ಒಂದು ಮಾತು. ನಮ್ಮ ಸೀಮೆಯ ಜಗಳದ ಶಬ್ದಗಳನ್ನು ನೀವು ಗಮನಿಸಿರಬಹುದು: ತಕರಾರು, ಫಿರ್ಯಾದಿ, ಜಾಮೀನು, ವಕೀಲ, ಕೈದಿ. ಎಲ್ಲ ದೂರದ ಪಾರ್ಸಿ-ಅರಬ್ಬಿ ನಾಡಿನಿಂದ ಬಂದವು. ರಾಜಿ ಆಗಬೇಕೆಂದರೂ ಅಲ್ಲಿಗೇ ಹೋಗಬೇಕು, ಅದೂ ಅವರದೇ ಶಬ್ದ. ಊಟಕ್ಕೆ ಕೂತಾಗ ಮಾತ್ರ ನಾವು ಅಪ್ಪಟ ಕನ್ನಡಿಗರು. ಇದನ್ನೇ ನಾನು ದೇಸಾಯಿಯ ಗತ್ತಿನಲ್ಲಿ ಸಭೆಗೆ ಹೇಳಿದೆ. ಜನ ನಕ್ಕರು. ನನಗೆ ಇನ್ನಷ್ಟು ಹುರುಪು ಬಂತು.

ಮಾಸ್ತರರು ಮೊದಲೇ ಬರೆದುಕೊಟ್ಟಿದ್ದ ಎರಡು ಫಿರ್ಯಾದಿಗಳು ನಡೆದವು. ಒಬ್ಬನ ಕುರಿ ಇನ್ನೊಬ್ಬನ ಜೋಳ ಮೇಯ್ದಿತ್ತು. ಒಬ್ಬ ಬದುವಿನ ಕಲ್ಲು ಸರಿಸಿದ್ದ. ನಾನು ಕುರಿಗೂ ಕಲ್ಲಿಗೂ ತಕ್ಕ ನ್ಯಾಯ ಕೊಟ್ಟೆ. ಆಮೇಲೆ ಮಾಸ್ತರರು ವಾಡಿಕೆಯಂತೆ, "ಇನ್ನ ಯಾರದರ ಫಿರ್ಯಾದಿ ಐತೇನು?" ಎಂದು ಕೂಗಿದರು.

"ನಂದೊಂದು ಐತ್ರಿ," ಎಂದು ಕಸ್ತೂರಿ ಎದ್ದಳು.

ನಾನು ನಕ್ಕೆ. ಏನೋ ಬೇಸಿಗೆಯ ತಿರುಗಾಟದ ಬಗ್ಗೆ ಚೇಷ್ಟೆ ಮಾಡುತ್ತಾಳೆ ಎಂದುಕೊಂಡೆ. "ಹೇಳವ್ವಾ, ಏನು ನಿನ್ನ ತಕರಾರು?" ಎಂದು ದನಿ ದಪ್ಪ ಮಾಡಿ ಕೇಳಿದೆ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದು ನಿಂತಳು. ದನಿಯಲ್ಲಿ ಏರಿಳಿತವಿರಲಿಲ್ಲ.

"ದಣ್ಯಾರ, ನಾ ಟಿ.ಸಿ.ಎಚ್. ಪಾಸಾದಾಕಿ. ಮದಿವ್ಯಾದ ವರ್ಷ ಪಂಚಮಿಗೆ ಸಿಂದಗಿಗೆ, ನನ್ನ ತವರಮನಿಗೆ ಹೋಗಿದ್ದೆ. ಆಗ ಗಂಡನ ಮನಿಗೆ ನನ್ನ ಹೆಸರಿಲೆ ನೌಕರಿ ಆರ್ಡರ್ ಬಂತು. ಮುದ್ದೇಬಿಹಾಳ ತಾಲೂಕಿನ ಒಂದು ಸಾಲಿಗೆ. ಹದಿನೈದು ದಿನದಾಗ ಹಾಜರಾಗಬೇಕಂತ ಬರದಿತ್ತು. ಆ ಕಾಗದಾನ ನನ್ನ ಗಂಡ ಮದಿವಿ ಕೋಟಿನ ಕಿಸೆದಾಗ ಮುಚ್ಚಿಟ್ಟ. ಹದಿನೆಂಟು ವರ್ಷ ಆತು. ಇವತ್ತಿನ ತನಕ ನನಗ ಹೇಳಿಲ್ಲ."

ನನ್ನ ಕೈ ಮೀಸೆಯ ಮೇಲೆಯೇ ಇತ್ತು. ಇಳಿಸಲು ಬರಲಿಲ್ಲ.

ಆ ಕಾಗದ ಲೋಕದಲ್ಲಿ ನನ್ನೊಬ್ಬನಿಗೇ ಗೊತ್ತು ಎಂದು ಹದಿನೆಂಟು ವರ್ಷ ನಂಬಿದ್ದೆ. ಹಾಜರಾಗುವ ದಿನ ದಾಟಿದ ಮೇಲೆ ಅದನ್ನು ನಾನೇ ನೀರೊಲೆಗೆ ಹಾಕಿದ್ದೆ. ಅದು ಸುಟ್ಟು ಬೂದಿಯಾದದ್ದನ್ನು ನಿಂತು ನೋಡಿದ್ದೆ. ಸುಟ್ಟ ಕಾಗದ ಎದ್ದು ಬಂದು ಧೋತರ ರುಮಾಲುಗಳ ಸಭೆಯಲ್ಲಿ ನಿಂತರೆ ಮನುಷ್ಯನಿಗೆ ಏನಾಗುತ್ತದೆ ಎಂದು ಹೇಳುವುದು ಕಷ್ಟ. ಜನ ಇನ್ನೂ ನಗುತ್ತಿದ್ದರು. ಇದೂ ಬರೆದುಕೊಟ್ಟ ಫಿರ್ಯಾದಿಯೇ ಎಂದು ಅವರ ಎಣಿಕೆ. ನಗದೆ ಇದ್ದವಳು ಸವಿತಾ ಒಬ್ಬಳೇ. ಅವಳು ಬೀಸುಕಲ್ಲಿನ ಹಿಡಿ ಬಿಟ್ಟು ನನ್ನ ಮುಖ ನೋಡುತ್ತಿದ್ದಳು.

"ನಿನಗ... ಇದು ಹೆಂಗ..." ಎಂದೆ. ದೇಸಾಯಿಯ ದನಿ ಎಲ್ಲೋ ಹೋಗಿತ್ತು.

"ಸಾಕ್ಷಿ ಅದಾರ್ರಿ," ಎಂದು ಕಸ್ತೂರಿ ಕಟ್ಟೆಯ ಕಡೆ ತಿರುಗಿದಳು. "ಅತ್ತಿ, ನಾ ಪಂಚಮಿ ಮುಗಿಸಿ ಬಂದ ದಿನ ನೀವು ಕೋಟು ಬಿಸಲಿಗೆ ಹಾಕಾಕ ತಗದಿದ್ರಿ. ಕಿಸೆದಾಗ ಒಂದು ಕಾಗದ ಸಿಕ್ಕಿತ್ತು. ಏನೈತಿ ಓದು ಅಂತ ನನ್ನ ಕೈಯಾಗ ಕೊಟ್ರಿ. ನೆನಪೈತೇನು?"

ಅವ್ವ ತಲೆಯಾಡಿಸಿದಳು. "ಹೌದವ್ವಾ. ಅವನ ಸಾಲಿ ಕಾಗದ ಅಂತ ಹೇಳಿದಿ. ಮಡಚಿ ಕೊಟ್ಟಿ. ನಾ ಮತ್ತ ಕಿಸೆದಾಗ ಇಟ್ಟೆ." ಆಮೇಲೆ ಅವಳ ಮುಖ ಬದಲಾಯಿತು. "ಅದು ನಿನ್ನ ನೌಕರಿ ಕಾಗದ ಏನವ್ವಾ?"

"ಹೌದ್ರಿ. ಇನ್ನ ನಾಕು ದಿನ ಇತ್ತು. ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ ನಾಕೂ ದಿನ ಕಾದೆ."

ಈಗ ಯಾರೂ ನಗುತ್ತಿರಲಿಲ್ಲ. ನಾಲ್ಕು ದಿನ! ಆ ನಾಲ್ಕು ದಿನ ನನಗೆ ಚೆನ್ನಾಗಿ ನೆನಪಿದ್ದವು. ಅವಳು ನನ್ನ ಹಿಂದೆ ಮುಂದೆ ಸುಳಿದಾಡುತ್ತಿದ್ದಳು, ಊಟಕ್ಕೆ ಕೂತಾಗ ಎದುರಿಗೇ ಕೂಡುತ್ತಿದ್ದಳು. ಹೊಸ ಹೆಂಡತಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಹಿಗ್ಗಿದ್ದೆ.

ಗುರಪ್ಪ ಮಾಸ್ತರರು ಕೆಮ್ಮಿದರು. "ದೇಸಾಯರು ತಮ್ಮ ಖಟ್ಲೆ ತಾವಽ ನಡಸಾಕ ಬರೂದಿಲ್ಲ," ಎಂದರು. ಆಟವನ್ನು ಅಲ್ಲಿಗೇ ನಿಲ್ಲಿಸುವ ಉದ್ದೇಶ ಅವರಿಗಿತ್ತು ಅನ್ನಿಸುತ್ತದೆ. ಆದರೆ ಅವ್ವ ಕೋಲೂರಿ ಎದ್ದು ಬಂದುಬಿಟ್ಟಳು.

"ಏಳೋ ಅಲ್ಲಿಂದ. ನಾ ಕೂಡ್ತೀನಿ."

ಎದ್ದೆ. ಅವ್ವ ಮಂಚದ ಮೇಲೆ ಕೂತಳು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ನಾನು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಕಸ್ತೂರಿಯಿಂದ ಎರಡು ಮಾರು ದೂರ ನಿಂತೆ.

"ಏನ ಶಿಕ್ಷಾ ಕೊಡ್ಲಿ ಹೇಳವ್ವಾ ಕಸ್ತೂರೀ," ಎಂದಳು ಅವ್ವ.

"ಶಿಕ್ಷಾ ಬ್ಯಾಡ್ರಿ ಅತ್ತಿ. ಯಾಕ ಮುಚ್ಚಿಟ್ರು, ಅದೊಂದ ಹೇಳ್ಲಿ."

ನನ್ನ ಬಳಿ ಉತ್ತರ ಸಿದ್ಧವಿತ್ತು. ಎಷ್ಟೋ ಸಲ ನನಗೇ ಹೇಳಿಕೊಂಡ ಉತ್ತರ. "ಮುದ್ದೇಬಿಹಾಳ ಅಂದ್ರ ದೂರ ಆಗ್ತಿತ್ತು. ಇಲ್ಲಿ ಅವ್ವ ಒಬ್ಬಾಕಿ..."

"ನನ್ನ ಹೆಸರು ತಗೀಬ್ಯಾಡ," ಎಂದಳು ಅವ್ವ. "ನಾ ಆಗ ದಿನಾ ಎರಡೆತ್ತಿನ ಹೊಲ ನೋಡ್ಕೊಂಡು ಬರ್ತಿದ್ದೆ. ಖರೇ ಹೇಳು."

ಪಡಸಾಲೆಯಲ್ಲಿ ಎಪ್ಪತ್ತು ಎಂಬತ್ತು ಜನ ಇದ್ದರು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಓಡಿಹೋಗಲು ಧೋತರ ಸರಿಯಾಗಿ ಕಟ್ಟಿಕೊಂಡಿರಲಿಲ್ಲ. ನಾನು ನೆಲ ನೋಡುತ್ತ ಹೇಳಿದೆ: "ನಾ ಇನ್ನೂ ಖಾಯಂ ಆಗಿರಲಿಲ್ಲ. ಆಕಿ ನನಕಿಂತ ಮೊದಲ ಸರಕಾರಿ ಮಾಸ್ತರಬಾಯಿ ಆಗ್ತಿದ್ಲು. ಮಾರ್ಕ್ಸೂ ಆಕಿದಽ ಜಾಸ್ತಿ ಇದ್ದೂ. ಹೊಟ್ಟಿಕಿಚ್ಚು. ಮತ್ತೇನಿಲ್ಲ."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಹದಿನೆಂಟು ವರ್ಷ ಹೊತ್ತ ಭಾರ ಒಂದು ಉಸಿರಿನಲ್ಲಿ ಮುಗಿದುಹೋಗಿತ್ತು. ಮೈ ಹಗುರಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಹಾಗಾಗಲಿಲ್ಲ.

"ಅಷ್ಟ ಸಾಕ್ರಿ," ಎಂದು ಕಸ್ತೂರಿ ಅವ್ವನಿಗೆ ಕೈಮುಗಿದು ಅಡುಗೆಯ ಕಡೆ ಹೋದಳು. ನನಗೆ ಅಲ್ಲಿಯವರೆಗಿನದೆಲ್ಲಕ್ಕಿಂತ ದೊಡ್ಡ ಆಘಾತ ಊಟದಲ್ಲಿ ಕಾದಿತ್ತು. ಸಾಲಿನಲ್ಲಿ ಬಡಿಸುತ್ತ ಬಂದವಳು ನನ್ನ ಎಲೆಗೂ ಮಾವಿನಹಣ್ಣಿನ ಸೀಕರಣೆ ಬಡಿಸಿದಳು. ಎಲ್ಲರಿಗೆ ಎಷ್ಟೋ ಅಷ್ಟು. ಒಂದು ಚಮಚ ಕಡಿಮೆ ಬಡಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ತಿರುಗಿ ಬರುವಾಗ ಸವಿತಾ ಮುಂದೆ ಡ್ರೈವರನ ಹತ್ತಿರ ಅವ್ವನ ಜೊತೆ ಕೂತಳು. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾತಾಡಿದ್ದು ಇಷ್ಟು: "ಅಪ್ಪಾ, ನನ್ನ ಹೆಸರಿಲೆ ಏನರ ಕಾಗದ ಬಂದ್ರ ಅಮ್ಮನ ಕೈಯಾಗ ಕೊಡ್ರಿ."

ಜೂನ್ ತಿಂಗಳಲ್ಲಿ ನಮ್ಮ ಓಣಿಯ ಹಿಂದೆ ಹೊಸದಾಗಿ ತೆರೆದ ಒಂದು ಸಣ್ಣ ಖಾಸಗಿ ಸಾಲೆಯಲ್ಲಿ ಕಸ್ತೂರಿ ಕೆಲಸಕ್ಕೆ ಸೇರಿದಳು. ಸರಕಾರಿ ನೌಕರಿಯ ವಯಸ್ಸು ಮೀರಿಹೋಗಿತ್ತು. ಅದನ್ನು ನಾನು ಹಿಂದಿರುಗಿಸುವಂತಿರಲಿಲ್ಲ. ಮೊದಲ ದಿನ ಸ್ಕೂಟರ್ ಒರೆಸಿ ಬಾಗಿಲಲ್ಲಿ ನಿಲ್ಲಿಸಿದೆ. ಅವಳು ಚಪ್ಪಲಿ ಮೆಟ್ಟಿ, "ನಡಕೊಂಡು ಹೋಗ್ತೇನಿ," ಎಂದು ನಡೆದೇ ಹೋದಳು. ಸಂಜೆ ಬಂದವಳ ಸೆರಗಿನ ತುಂಬ ಸೀಮೆಸುಣ್ಣದ ಪುಡಿ. ಅವಳ ಅಷ್ಟು ದೊಡ್ಡ ನಗುವನ್ನು ನಾನು ಅದುವರೆಗೆ ನೋಡಿರಲಿಲ್ಲ ಎಂಬುದೂ ನನಗೆ ಅಂದೇ ತಿಳಿಯಿತು.

ಅವ್ವನದು ಇನ್ನೊಂದು ಕಥೆ. "ನನಗ ಓದಾಕ ಬಂದಿದ್ರ ಅವತ್ತಽ ಇವನ ಕಿವಿ ಹಿಂಡ್ತಿದ್ದೆ," ಎಂದು ಪಾಟಿ ಬಳಪ ಹಿಡಿದು ಸೊಸೆಯ ಮುಂದೆ ಕೂತಳು. ಎಪ್ಪತ್ತು ದಾಟಿದ ಮುದುಕಿ ದಸರೆಯ ಹೊತ್ತಿಗೆ ಬಸ್ಸಿನ ಬೋರ್ಡು ಓದತೊಡಗಿದಳು. ಬೋರ್ಡು ಸಾಕಾಗದೆ ನನ್ನ ಅಂಗಿಯ ಕಿಸೆಗೆ ಬಂದಳು. ಒಗೆಯಲು ಹಾಕುವ ಮೊದಲು ಅದರಲ್ಲಿದ್ದ ಪ್ರತಿಯೊಂದು ಚೀಟಿಯನ್ನೂ ಅಂಗಳದಲ್ಲಿ ನಿಂತು ಗಟ್ಟಿಯಾಗಿ, ಅಕ್ಷರ ಬಿಡಿಸಿ ಓದುತ್ತಿದ್ದಳು. ನಾನು ಕದ್ದು ತಿಂದ ಜಿಲೇಬಿಯ ಅಂಗಡಿ ಯಾವುದೆಂದು ಓಣಿಗೆಲ್ಲ ಗೊತ್ತಾಯಿತು.

ಮರುವರ್ಷ ಬೇಸಿಗೆಯಲ್ಲಿ ಗುರಪ್ಪ ಮಾಸ್ತರರ ಕಾಗದ ಬಂತು. ಸುದ್ದಿ ಹಬ್ಬಿತ್ತೆಂದು ಕಾಣುತ್ತದೆ. ನಮ್ಮ ಓಣಿಯ ಹೆಂಗಸರೆಲ್ಲ ಹೊರಡುತ್ತೇವೆಂದರು. ಗಂಡಸರಿಗೆಲ್ಲ ಅದೇ ದಿನ ಸಿಂದಗಿಯಲ್ಲಿ ಜರೂರಿ ಕೆಲಸ ಬಂತು. ಶಿವಣ್ಣನನ್ನು ಗಿರಿಜಾಬಾಯಿ ಬಿಡಲಿಲ್ಲ, ಎಳೆದುಕೊಂಡೇ ಬಂದಳು. ನನಗೋ, ಕಳೆದುಕೊಳ್ಳುವುದು ಇನ್ನೇನೂ ಉಳಿದಿರಲಿಲ್ಲ.

ಈ ಸಲ ಚೀಟಿಯಲ್ಲಿ ದೇಸಾಯಿಯಾದವನು ಶಿವಣ್ಣ. ಗಿರಿಜಾಬಾಯಿಯನ್ನು ನೋಡುತ್ತ, ಬೆವರುತ್ತ ಕೂತಿದ್ದ. ಮಾಸ್ತರರು ಫಿರ್ಯಾದಿ ಕರೆದಾಗ ನಾನು ಎದ್ದೆ. ಒಂದು ವರ್ಷ ಒಳಗೇ ಕೊರೆಯುತ್ತಿದ್ದ ಮಾತು. ಮನೆಯಲ್ಲಿ ಕೇಳುವ ಧೈರ್ಯವಾಗಿರಲಿಲ್ಲ.

"ನನ್ನ ಹೆಂಡತಿ ಮ್ಯಾಲ ಫಿರ್ಯಾದಿ," ಎಂದೆ. "ಕಾಗದ ಆಕಿ ಕೈಯಾಗಽ ಇತ್ತು. ಇನ್ನ ನಾಕು ದಿನ ಇತ್ತು. ಒಂದು ಮಾತು ಕೇಳಿದ್ರ ನಾನೂ ಹೇಳ್ತಿದ್ದೆನೇನೋ. ಯಾಕ ಕೇಳಲಿಲ್ಲ?"

ಕಸ್ತೂರಿ ಈ ಪ್ರಶ್ನೆಗೆ ಎದ್ದೂ ನಿಲ್ಲಲಿಲ್ಲ. ಹುಡುಗಿಯರ ನಡುವೆ ಕೂತಲ್ಲಿಂದಲೇ ಹೇಳಿದಳು:

"ಕೇಳಿದ್ರ ನೀವು ಸುಳ್ಳ ಹೇಳ್ತಿದ್ರಿ. ನೌಕರಿ ಅಂತೂ ಹೋಗೂದಿತ್ತು. ಮುಚ್ಚಿಟ್ಟ ಗಂಡನ ಜೋಡಿ ಹೆಂಗರ ಬಾಳೇವು ಮಾಡಬಹುದಂತ ಅನಿಸ್ತು. ಮುಖಾ ನೋಡಿ ಸುಳ್ಳ ಹೇಳಿದಾಂವನ ಜೋಡಿ ಮಾಡೂದು ನನ್ನ ಕೈಲೆ ಆಗ್ತಿರಲಿಲ್ಲ. ಅದಕ್ಕಽ ಕೇಳಲಿಲ್ಲ."

ನನ್ನ ಸಂಸಾರವನ್ನು ಉಳಿಸಿದ್ದು ನಾನು ಚೆನ್ನಾಗಿ ಅಡಗಿಸಿಟ್ಟ ಗುಟ್ಟಲ್ಲ, ಅವಳು ಕೇಳದೆ ಬಿಟ್ಟ ಒಂದು ಪ್ರಶ್ನೆ ಎಂದು ಲೆಕ್ಕ ಬಿಡಿಸಿಕೊಳ್ಳಲು ಗಣಿತದ ಮಾಸ್ತರನಿಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು.

ಶಿವಣ್ಣ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ತನ್ನ ಹೆಂಡತಿಯನ್ನು ನೋಡಿದ. "ಫಿರ್ಯಾದಿ ವಜಾ," ಎಂದ.

ನಾನು ಅಪೀಲು ಹೋಗಲಿಲ್ಲ.