ದಾ ಉರೆದಿಯಾ ಕೇಳಿದ ದಂಡ

ದಾ ಉರೆದಿಯಾಳ ಕೈಯ ಉಗ್ಬಾ ಒಮ್ಮೆ ತಿಂದವರು ಬೇರೆಯವರದನ್ನು ಮೂಸಿಯೂ ನೋಡುತ್ತಿರಲಿಲ್ಲ. ಮರದ ದೊಡ್ಡ ಎಣ್ಣೆಬೀಜವನ್ನು ಮೆತ್ತಗಾಗುವವರೆಗೆ ಬೇಯಿಸಿ, ನೂಲೆಳೆಯಷ್ಟು ತೆಳ್ಳಗೆ ಹೆಚ್ಚಿ, ಎಲೆಯಲ್ಲಿ ಕಟ್ಟಿ ಹುಳಿ ಬರಿಸಿ, ನಾಲ್ಕು ದಿನಕ್ಕೊಮ್ಮೆ ಸೇರುವ ಒರಿಯೆ ಸಂತೆಗೆ ತರುತ್ತಿದ್ದಳು. ಹರಟೆ ಹೊಡೆಯುವಾಗಲೂ, ಯಾರನ್ನಾದರೂ ಬೈಯುವಾಗಲೂ ಅವಳ ಚಾಕು ನಿಲ್ಲುತ್ತಿರಲಿಲ್ಲ. ವಯಸ್ಸಿನಲ್ಲಿ ನನ್ನ ತಾಯಿಯಷ್ಟಾದರೂ ಊರವರೆಲ್ಲರ ಹಾಗೆ ನಾನೂ ಅವಳನ್ನು ದಾ ಎಂದೇ ಕರೆಯುತ್ತಿದ್ದೆ, ಅಂದರೆ ಅಕ್ಕ.

ನಮ್ಮ ಕುಲದಲ್ಲಿ ಹುಟ್ಟಿ ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋದ ನಾವೆಲ್ಲ ಸೇರಿದರೆ ಉಮುಅದಾ. ತವರಿನಲ್ಲಿ ಸಾವಾದರೆ, ಜಗಳವಾದರೆ ಚಾಪೆ ಸುತ್ತಿಕೊಂಡು ಬಂದುಬಿಡುತ್ತೇವೆ. ನಾವು ಬಂದೆವೆಂದರೆ ಅಣ್ಣತಮ್ಮಂದಿರಿಗೆ ಧೈರ್ಯ, ಅವರ ಹೆಂಡಿರಿಗೆ ಜ್ವರ. ಸುಳ್ಳೇಕೆ ಹೇಳಲಿ, ತವರಿನ ಸೊಸೆಯರನ್ನು ಗೋಳು ಹೊಯ್ದುಕೊಳ್ಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ನಮ್ಮೆಲ್ಲರಿಗೂ ಹಿರಿಯಳು ದಾ ಉರೆದಿಯಾ. ಅವಳು ಎದ್ದರೆ ನಾವು ಏಳಬೇಕು, ಅವಳು ಕೂತರೆ ಕೂರಬೇಕು.

ಅವಳ ಕಿರಿಯ ತಮ್ಮ ಅಮಾದಿ ಮರದಿಂದ ಬಿದ್ದು ಸತ್ತಾಗ ನಾವೆಲ್ಲ ಹಾಗೆಯೇ ಬಂದೆವು. ಅವನ ಹೆಂಡತಿ ಉಲುನ್ಮಾ ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮೂರು ಹೆಣ್ಣುಮಕ್ಕಳು. ಗಂಡು ಸಂತಾನವಿಲ್ಲ. ಮಣ್ಣು ಮುಗಿದ ಮಾರನೆಯ ಬೆಳಗ್ಗೆಯೇ ದೊಡ್ಡ ತಮ್ಮ ಒಪಾರ ನಮ್ಮ ಹತ್ತಿರ ಬಂದು ತಲೆ ಕೆರೆದುಕೊಂಡ.

"ನಮ್ಮ ಹುಡುಗನಿಗೆ ಹೆಣ್ಣು ಗೊತ್ತಾಗಿದೆ. ಅವನಿಗೊಂದು ಮನೆ ಬೇಕಲ್ಲ. ಅಮಾದಿ ಮನೆ ಸುಮ್ನೆ ಯಾಕೆ ಇರ್ಬೇಕು? ಉಲುನ್ಮಾ ಮಕ್ಕಳನ್ನ ಕರ್ಕೊಂಡು ಅವಳ ತವರಿಗೆ ಹೋಗ್ಲಿ. ನಾನು ಹೇಳಿದ್ರೆ ಚೆನ್ನಾಗಿರಲ್ಲ. ನೀವು ಹೆಂಗಸರು ಹೇಳಿ."

ನಮ್ಮಲ್ಲಿ ಅರ್ಧ ಜನ ಆಗಲೇ ತಲೆಯಾಡಿಸುತ್ತಿದ್ದರು. ನಾನೂ ಆಡಿಸಿದೆ. ದಾ ಮಾತ್ರ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬೀಜ ಹೆಚ್ಚುತ್ತಲೇ ಇದ್ದಳು. ಒಪಾರನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ಅವಳು. ಅವನೆಂದರೆ ಅವಳಿಗೆ ಪ್ರಾಣ. ಅವನ ಪರವಾಗಿಯೇ ಮಾತಾಡುತ್ತಾಳೆಂದು ನಾವು ತಿಳಿದೆವು.

ಮಧ್ಯಾಹ್ನ ಮೇಕೆ ಕೊಯ್ದು ಪಾಲು ಹಾಕಿದರು. ನಮ್ಮ ಪಾಲಿನ ಬೋಗುಣಿ ಬಂತು. ದಾ ಒಂದೊಂದೇ ತುಂಡನ್ನು ಚಾಕುವಿನ ತುದಿಯಿಂದ ತಿರುವಿ ನೋಡಿದಳು.

"ಸೊಂಟ ಎಲ್ಲಿ?"

ಮೇಕೆ ಯಾರದೇ ಇರಲಿ, ಸೊಂಟ ಕುಲದ ಹೆಣ್ಣುಮಕ್ಕಳದು. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ. ಒಪಾರನ ಮುಖ ಹುಳ್ಳಗಾಯಿತು.

"ಅದು... ಬೀಗರು ಬಂದಿದ್ರಲ್ಲ ದಾ. ಹೊಸ ಸಂಬಂಧ. ಒಳ್ಳೆ ತುಂಡು ಕಳಿಸೋಣ ಅಂತ..."

"ನಮ್ಮ ಸೊಂಟಾನ ಬೀಗರಿಗೆ ಕಳಿಸ್ದೆಯಾ?"

"ಕುತ್ತಿಗೆ ದೊಡ್ಡದಾಗಿ ಹಾಕಿದೀನಿ, ನೋಡು."

"ಕುತ್ತಿಗೆ ನೀನೇ ಇಟ್ಕೋ, ನಾಳೆ ಬೀಗರ ಮುಂದೆ ಬಗ್ಗಿಸೋಕೆ ಬೇಕಾಗುತ್ತೆ" ಎಂದು ದಾ ಬೋಗುಣಿಯನ್ನು ಅವನ ಕಡೆಗೆ ತಳ್ಳಿದಳು. ನಮ್ಮ ಕಡೆ ತಿರುಗಿ, "ಚಾಪೆ ಬಿಚ್ರೇ" ಎಂದಳು.

ಅಷ್ಟೇ. ನಾವು ಅವನ ಅಂಗಳದಲ್ಲಿ ಕೂತುಬಿಟ್ಟೆವು. ಮುನಿದು ಕೂತ ಉಮುಅದಾಗೆ ಊಟ ಹಾಕಬೇಕಾದವನು ಮುನಿಸಿಗೆ ಕಾರಣನಾದವನೇ. ಹಾಗೆಂದು ಹಾಕಿದ್ದನ್ನು ತಿನ್ನುವ ಜಾತಿ ನಮ್ಮದಲ್ಲ. ಮರಗೆಣಸಿನ ಮುದ್ದೆ ಮಾಡಿದರೆ ಹೆಗ್ಗೆಣಸಿನದು ಕೇಳಿದೆವು. ಸಾರಿಗೆ ಉಪ್ಪು ಸಾಲದು ಎಂದೆವು, ಉಪ್ಪು ಹಾಕಿದರೆ ಮುಂದಾಯಿತು ಎಂದೆವು. ಒಪಾರನ ಮೇಲೆ ಹಾಡು ಕಟ್ಟಿ, ಚಪ್ಪಾಳೆ ತಟ್ಟಿ, ದಾರಿಹೋಕರಿಗೆಲ್ಲ ಕೇಳುವಂತೆ ಹಾಡಿದೆವು. ಅವನ ಹೆಂಡತಿ ಒಲೆಯ ಮುಂದೆ ಬೆಂದು ಬಸವಳಿದು, "ನಿಮ್ಮಕ್ಕ ಕೇಳೋದನ್ನ ಕೊಟ್ಟು ಕಳಿಸ್ತೀರೋ, ನಾನೇ ತವರಿಗೆ ಹೋಗ್ಲೋ?" ಎಂದು ಗಂಡನ ಮೇಲೆ ಹರಿಹಾಯ್ದಳು. ನಮಗದು ಒಳ್ಳೆಯ ಮೋಜು. ಆದರೆ ದಾ ನಗುತ್ತಿರಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಕೂತಿದ್ದ ಉಲುನ್ಮಾಳ ಕಡೆಗೇ ಅವಳ ಕಣ್ಣು.

ಕೊನೆಗೆ ಕುಲದ ಹಿರಿಯರು ರಾಜಿಗೆ ಮುರಿದು ಹಂಚುವ ಕೋಲಾ ಕಾಯಿ, ಕಳ್ಳು ಹಿಡಿದು ಬಂದರು. "ತಪ್ಪಾಗಿದೆ, ತಾಯಂದಿರಾ. ಎಷ್ಟು ದಂಡ ಕೇಳ್ತೀರಿ? ಒಂದು ಮೇಕೆ? ಎರಡು?"

"ಮೇಕೆ ಬೇಡ" ಎಂದಳು ದಾ. "ಅಮಾದಿ ಮನೆ, ಅದರ ಹಿಂದಿನ ಹೊಲ ಉಲುನ್ಮಾಗಿರ್ಲಿ. ಅವಳ ಹೆಣ್ಣುಮಕ್ಕಳಿಗಿರ್ಲಿ. ಯಾರೂ ಅವರನ್ನ ಏಳಿಸಬಾರದು. ನಮ್ಮ ದಂಡ ಅದು."

ನಾವು ಮುಖ ಮುಖ ನೋಡಿಕೊಂಡೆವು. ನಮಗೂ ಹೇಳಿರಲಿಲ್ಲ, ಘಾಟಿ ಮುದುಕಿ! ಅಂಗಳವೆಲ್ಲ ಗದ್ದಲವಾಯಿತು. ಒಪಾರ ಎಲ್ಲರಿಗಿಂತ ಜೋರಾಗಿ ಕೂಗಿದ, "ಗಂಡು ಮಗ ಇಲ್ದಿರೋ ಮನೆ ಖಾಲಿ ಮನೆ! ಖಾಲಿ ಮನೆಗೆ ಯಾರನ್ನ ಕೂರಿಸ್ತೀಯ?"

ದಾ ಚಾಕು ಕೆಳಗಿಟ್ಟಳು. ಅವಳ ಕೈ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಖಾಲೀನಾ? ಅಪ್ಪ ಹೋದಾಗ ನೀನು ಇನ್ನೂ ಮೂಗು ಒರೆಸಿಕೊಳ್ಳೋಕೂ ಬಾರದ ಕೂಸು. ಹೊಲ ಅಗೆದಿದ್ದು ಯಾರೋ? ನಿನ್ನ ಹೊಟ್ಟೆ ತುಂಬಿಸಿದ್ದು ಯಾರೋ? ಸಾವಾದ್ರೆ ನಮ್ಮನ್ನ ಕರೀತೀಯ. ಹೊಲದ ಗಡಿಗೆ ಹೊಡೆದಾಡಿಕೊಂಡ್ರೆ ನಮ್ಮನ್ನ ಕರೀತೀಯ. ಈ ಸೊಸೇನ ಓಡಿಸೋಕೂ ನಮ್ಮನ್ನೇ ಕರೆದೆ. ಅಲ್ಲಿ ಕೂತಿದಾವಲ್ಲ ಮೂರು, ಅವೇ ನಾಳೆಯ ಉಮುಅದಾ. ಇವತ್ತು ಅವನ್ನ ಓಡಿಸಿ ನಾಳೆ ಯಾರನ್ನ ಕರೀತೀಯೋ ತಮ್ಮಾ?"

ನನಗಂತೂ ಒಪಾರನ ಮಾತಿಗೆ ತಲೆಯಾಡಿಸಿದ್ದು ನೆನಪಾಗಿ ನಾಚಿಕೆಯಾಯಿತು. ಹಿರಿಯರಲ್ಲಿ ದೊಡ್ಡವನು ಕೋಲಾ ಮುರಿದು ಮೊದಲ ಚೂರನ್ನು ನೆಲಕ್ಕೆ, ಹಿಂದಿನವರ ಹೆಸರಿಗೆ ಹಾಕಿದ. ತೀರ್ಮಾನವಾದಂತಾಯಿತು.

ಒಪಾರ ದಾ ಮುಂದೆ ಬಂದು ನಿಂತ. "ಆಯ್ತು, ಮನೆ ಇಟ್ಕೊಳ್ಳಿ. ಆದ್ರೆ ಕೇಳು, ದಾ. ನೀನು ಸತ್ತ ದಿನ ನಾನು ಬರಲ್ಲ. ನಿನ್ನ ಗಂಡನ ಮನೆಯವರು ಹೆಣ ಇಟ್ಕೊಂಡು ಕಾಯ್ಲಿ."

ಹೆಂಗಸರೆಲ್ಲ ಎದೆ ಹಿಡಿದುಕೊಂಡೆವು. ಹುಟ್ಟಿದ ಮನೆಯವರು ಬಂದು ಮುಖ ನೋಡಿ ಒಪ್ಪುವವರೆಗೂ ನಮ್ಮಲ್ಲಿ ಮದುವೆಯಾದ ಹೆಣ್ಣನ್ನು ಮಣ್ಣಿಗಿಡುವುದಿಲ್ಲ. ಅಂಥ ಮಾತನ್ನು ಶತ್ರುವಿಗೂ ಆಡಬಾರದು.

"ಬರಬೇಡ ಬಿಡು" ಎಂದು ದಾ ಚಾಪೆ ಸುತ್ತಿದಳು. "ಮಳೆಗೆ ಮುಂಚೆ ಆ ಮನೆ ಸೂರು ಮಾತ್ರ ಸರಿ ಮಾಡಿಸಿಕೊಡು."

ಅವಳ ಗಂಡನ ಊರಿನ ದಾರಿಯಲ್ಲಿ ನಾನೂ ಜೊತೆಗೆ ನಡೆದೆ. ಹೊಳೆ ದಾಟಿದ ಮೇಲೆ ಅವಳು ನಿಂತು, ಸಣ್ಣ ದನಿಯಲ್ಲಿ ಕೇಳಿದಳು, "ನಿಜವಾಗ್ಲೂ ಬರಲ್ವೇನೇ ಅವನು?"

ಅಲ್ಲಿಂದಾಚೆಗೆ ಒಪಾರ ಅವಳ ಜೊತೆ ಮಾತು ಬಿಟ್ಟ. ಅವಳು ಮಾತ್ರ ಪ್ರತಿ ಸಂತೆಗೂ ಅವನ ಹೆಂಡತಿಯ ಕೈಯಲ್ಲಿ ಉಗ್ಬಾ ಪೊಟ್ಟಣ ಕಳಿಸುತ್ತಿದ್ದಳು. "ನನಗೆ ಬೇಡ ಅಂತ ಕೂಗಾಡಿ, ಆಮೇಲೆ ಹಿತ್ತಲಿಗೆ ಹೋಗಿ ಎಲೇನೂ ನೆಕ್ತಾರೆ" ಎಂದು ಆ ಹೆಂಗಸು ನಮ್ಮ ಮುಂದೆ ನಗುತ್ತಿದ್ದಳು. ಉಲುನ್ಮಾ ಅದೇ ಮನೆಯಲ್ಲಿ ಉಳಿದು, ಅದೇ ಹೊಲದಲ್ಲಿ ದುಡಿದು ಮಕ್ಕಳನ್ನು ದಡ ಸೇರಿಸಿದಳು. ಆ ಮನೆಯ ಮುಂದೆ ಹಾದುಹೋಗುವಾಗೆಲ್ಲ ನನಗೆ ದಾ ಮೇಲೆ ಹೆಮ್ಮೆ ಉಕ್ಕುತ್ತಿತ್ತು. ಎಷ್ಟೋ ಕುಲಗಳ ಉಮುಅದಾ ಮೇಕೆ ತಿಂದು ಮನೆಗೆ ಹೋಗುತ್ತಾರೆ. ನಮ್ಮವಳು ಒಂದು ಸಂಸಾರ ಉಳಿಸಿದಳು.

ಹೋದ ವರ್ಷ ಬೇಸಿಗೆಯ ಒಣಗಾಳಿ ಬೀಸುವಾಗ ದಾ ತೀರಿಕೊಂಡಳು. ಗುಂಡಿ ತೋಡಿದ್ದಾಯಿತು, ಹೊತ್ತು ಏರಿತು. ನಾವು ಉಮುಅದಾ ಎಲ್ಲ ಇದ್ದೆವು. ಆದರೆ ಅವಳ ಅಪ್ಪನ ಸ್ವಂತ ಮನೆಯಿಂದ ಒಬ್ಬರಾದರೂ ಬಾರದೆ ಮಣ್ಣಾಗುವಂತಿಲ್ಲ. ಒಪಾರನಿಗೆ ಎರಡು ಸಲ ಹೇಳಿಕಳಿಸಿದ್ದರು. ಅವನು ಬಾಗಿಲು ಹಾಕಿಕೊಂಡಿದ್ದ. ಗಂಡನ ಕಡೆಯವರು ಗುಸುಗುಸು ಶುರು ಮಾಡಿದರು. ಎಲ್ಲರ ಜಗಳ ಬಿಡಿಸಿದವಳನ್ನು ಹೀಗೆ ಬಿಸಿಲಲ್ಲಿ ಕಾಯಿಸುವುದೇ?

ಆಗ ಉಲುನ್ಮಾಳ ಮೂವರು ಹೆಣ್ಣುಮಕ್ಕಳು ಬಂದರು. ದೊಡ್ಡವಳು ಅಕುನ್ನಾ, ಬೆನ್ನ ಮೇಲೆ ಮಗು, ಸೀದಾ ಹೋಗಿ ಹೆಣದ ತಲೆಯ ಹತ್ತಿರ ನಿಂತಳು.

"ಯಾವ ಮನೆಯಮ್ಮಾ ನೀವು?" ಎಂದು ಆ ಊರಿನ ಹಿರಿಯ ಕೇಳಿದ.

"ಇವರ ಅಪ್ಪನ ಮನೆ. ಇವರ ತಮ್ಮ ಅಮಾದಿಯ ಮಕ್ಕಳು."

"ಗಂಡಸರು ಯಾರೂ ಬರ್ಲಿಲ್ವೇ?"

"ಮನೆ ಇದೆ, ಅಜ್ಜ. ಆ ಮನೆಯಿಂದ ನಾವು ಬಂದಿದೀವಿ."

ಮುದುಕ ದಾರಿ ಬಿಡಿ ಎಂದು ತನ್ನವರಿಗೆ ಕೈ ಮಾಡಿದ. ಮೂವರೂ ಬಗ್ಗಿ ದಾ ಮುಖ ನೋಡಿದರು, ಹೂಂ ಎಂದರು. ಎತ್ತುವವರು ಹತ್ತಿರ ಬಂದರು. ಆದರೆ ಅಕುನ್ನಾ ಜಾಗ ಬಿಟ್ಟು ಕದಲಲಿಲ್ಲ, ದಾರಿಯ ಕಡೆ ನೋಡುತ್ತಲೇ ಇದ್ದಳು.

ಒಪಾರ ಬಂದ. ಕಾಲಲ್ಲಿ ಚಪ್ಪಲಿಯಿಲ್ಲ, ಮೈಮೇಲೆ ಅಂಗಿಯಿಲ್ಲ, ಕೋಲೂರಿಕೊಂಡು ಏದುಸಿರು ಬಿಡುತ್ತಿದ್ದ. ಯಾರೂ ಅವನಿಗೆ ಬಾ ಎನ್ನಲಿಲ್ಲ. ಅವನು ನಮ್ಮ ಯಾರ ಮುಖವನ್ನೂ ನೋಡದೆ ಅಕುನ್ನಾಳ ಮುಂದೆ ಹೋಗಿ ನಿಂತ.

"ಮಗಳೇ, ನಮ್ಮಕ್ಕನ ಮುಖ ಒಂದ್ಸಲ ನೋಡ್ಲಾ?"

"ನೋಡು ದೊಡ್ಡಪ್ಪ" ಎಂದಳು ಅಕುನ್ನಾ. "ನಿನಗೋಸ್ಕರಾನೇ ಇನ್ನೂ ಮುಚ್ಚಿಲ್ಲ."