ನಸರುಲ್ಲಾ ಬಿಚ್ಚಿಟ್ಟ ಮ್ಯಾಗ್ನೆಟೋ

ನಸರುಲ್ಲಾನನ್ನ ಕಳ್ಳ ಅಂದರಲ್ಲ, ಅದನ್ನ ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತೆ. ಅಂದವರ ಮೇಲೆ ಸಿಟ್ಟು, ಅದನ್ನ ಕೇಳಿಸಿಕೊಂಡು ತಣ್ಣಗೆ ಕಾಫಿ ಕುಡಿದವರ ಮೇಲೆ ಅದಕ್ಕಿಂತ ಸಿಟ್ಟು. ಕಾಫಿ ಕುಡಿದವರಲ್ಲಿ ನಾನೂ ಒಬ್ಬ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕೆಂಚಪ್ಪ ಬಚ್ಚಿಟ್ಟ ಅನ್ನಬೇಡಿ.

ಶಿವಮೊಗ್ಗದ ಬಸ್ ಸ್ಟ್ಯಾಂಡ್ ಹಿಂದೆ ಲಾರಿ ಟಾರ್ಪಾಲು, ಗಾಡಿ ಸೀಟು ಹೊಲಿಯೋದು ನನ್ನ ಕಸುಬು. ನನ್ನ ಮಳಿಗೆಗೂ ನಸರುಲ್ಲಾನ ಗ್ಯಾರೇಜಿಗೂ ನಡುವೆ ಇದ್ದದ್ದು ಒಂದು ತಗಡು, ಅಷ್ಟೆ. ಅವನು ಬಯ್ಯೋದೆಲ್ಲ ನನಗೆ ಕೇಳಿಸೋದು. ಬಯ್ಯೋದು ಅಂದ್ರೆ ಎಂಥ ಬಯ್ಗುಳ! ಗಾಡಿ ತಂದವರು ವಕೀಲರಾಗಲಿ, ಅಮಲ್ದಾರರಾಗಲಿ, ಆಯಿಲ್ ಒಣಗಿಸಿಕೊಂಡು ಬಂದಿದ್ದರೆ ಮುಗೀತು. "ಮನೇಲಿ ಎಮ್ಮೆಗೆ ನೀರು ಕುಡಿಸ್ತೀರೋ ಇಲ್ವೋ? ಇದಕ್ಕೆ ಎರಡು ಹನಿ ಎಣ್ಣೆ ಹಾಕೋಕೆ ಏನು ದಾಡಿ?" ಅಂತ ಮುಖಕ್ಕೆ ಹೊಡೆದ ಹಾಗೆ ಕೇಳೋನು. ಆದರೂ ಜನ ಅವನ ಹತ್ತಿರವೇ ಬರೋರು. ಯಾಕಂದ್ರೆ ಅವನದೊಂದು ಪದ್ಧತಿ ಇತ್ತು. ಗಾಡಿಯಿಂದ ಏನು ಬಿಚ್ಚಿದರೂ, ಸವೆದ ವಾಷರ್ ಆದರೂ ಸರಿ, ಅದನ್ನ ಒರೆಸಿ ಯಜಮಾನನ ಕೈಗೆ ಕೊಡೋನು. "ಇದು ನಿಮ್ಮದು, ಇಟ್ಕೊಳ್ಳಿ. ಬೇಡ ಅಂದ್ರೆ ನೀವೇ ಬಿಸಾಕಿ" ಅನ್ನೋನು. ಇಂಥವನು ಕಳ್ಳನಂತೆ.

ಕಥೆ ಶುರುವಾಗೋದು ನಲವತ್ತೆರಡರಲ್ಲಿ. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್ನು. ಭದ್ರಾವತಿ ಹಳೇನಗರದ ಶಿವಶಂಕರಪ್ಪನವರ ಹತ್ತಿರ ಒಂದು ಬಿ.ಎಸ್.ಎ. ಮೋಟಾರ್ ಸೈಕಲ್ಲಿತ್ತು. ಪೆಟ್ರೋಲಿಲ್ಲದೆ ಅದನ್ನ ಮೂಲೆಗೆ ಸೇರಿಸೋ ಕಾಲ ಬಂತು. ಸುಮ್ಮನೆ ನಿಲ್ಲಿಸಿದರೆ ತುಕ್ಕು ತಿನ್ನುತ್ತೆ ಅಂತ ನಸರುಲ್ಲಾನನ್ನ ಕರೆಸಿದರು. ಆಗ ಅವನಿಗೂ ನನಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಗಾಡಿಗೆ ಗವಸು ಹೊಲಿಯೋಕೆ ನಾನೂ ಹೋಗಿದ್ದೆ.

ಅವತ್ತು ಅವನು ಮಾಡಿದ ಕೆಲಸ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಟ್ಯಾಂಕಿನ ಪೆಟ್ರೋಲನ್ನ ಪೂರ್ತಿ ಬಸಿದ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಆಯಿಲ್ ಬಿಟ್ಟು ನಿಧಾನಕ್ಕೆ ಕಿಕ್ ಒತ್ತಿ ಒಳಗೆಲ್ಲ ಹರಡಿಸಿದ. ಇಲಿ ನುಗ್ಗದ ಹಾಗೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಚಕ್ರ ನೆಲ ಮುಟ್ಟದ ಹಾಗೆ ದಿಮ್ಮಿ ಕೊಟ್ಟ. ಕೊನೆಗೆ ಮ್ಯಾಗ್ನೆಟೋ ಬಿಚ್ಚಿದ. ಇಂಜಿನ್ನಿಗೆ ಕಿಡಿ ಹುಟ್ಟಿಸೋದೇ ಅದು. ಥಂಡಿ ಹಿಡಿದರೆ ಅದರೊಳಗಿನ ತಂತಿ ಸತ್ತುಹೋಗುತ್ತೆ, ಆಮೇಲೆ ಏನು ಕುಣಿದರೂ ಗಾಡಿ ಏಳೋದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪಿನ ಮರಿಗೆಯೇ ನೀರಾಗುತ್ತಲ್ಲ. ಅದಕ್ಕೇ ಅವನು ಅದನ್ನ ತನ್ನ ಹೆಂಡತಿಯ ಹಳೇ ಓಢಣಿಯ ತುಂಡಲ್ಲಿ ಸುತ್ತಿ, ಮೇಲೊಂದು ಮೇಣದ ಬಟ್ಟೆ ಸುತ್ತಿ, ಅದರ ಮೇಲೆ ನಾನು ಕೊಟ್ಟ ಬಿಳಿ ಕ್ಯಾನ್ವಾಸಿನ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಜಗಲಿ ಕೆಳಗೆ ನಿಂತು ಶಿವಶಂಕರಪ್ಪನವರ ಹೆಂಡತಿ ಬಸವರಾಜೇಶ್ವರಮ್ಮನವರ ಕೈಗೆ ಕೊಟ್ಟ.

"ಅಮ್ಮಾ, ಬೆಚ್ಚಗಿರೋ ಜಾಗದಲ್ಲಿಡಿ. ಯಾರೂ ಮುಟ್ಟಬಾರದು. ಗಾಡಿ ಎಬ್ಬಿಸೋ ದಿನ ನಾನೇ ಬಂದು ಕೇಳ್ತೀನಿ" ಅಂದ.

"ಆಯ್ತಪ್ಪಾ" ಅಂತ ಆಯಮ್ಮ ಒಳಗೆ ತಗೊಂಡು ಹೋದರು. ನಾನು ಪಕ್ಕದಲ್ಲೇ ನಿಂತಿದ್ದೆ. ಈ ಕಣ್ಣಲ್ಲೇ ನೋಡಿದೆ.

ಆಮೇಲೆ ಶಿವಶಂಕರಪ್ಪನವರು ತೀರಿಕೊಂಡರು, ಕೆಲವು ವರ್ಷಕ್ಕೆ ಆಯಮ್ಮನೂ ಹೋದರು. ಮಗ ವೀರಪ್ಪ ಗಾಡಿ ನಿಲ್ಲಿಸಿದ ಕಾಲಕ್ಕೆ ದಾವಣಗೆರೆಯಲ್ಲಿ ಓದ್ತಿದ್ದವನು, ಅವನಿಗೆ ಇದೊಂದೂ ಗೊತ್ತಿಲ್ಲ. ಮುಂದೆ ಅವನೇ ಯಜಮಾನನಾದ, ನಾಲ್ಕು ಲಾರಿ ಇಟ್ಟ, ದಿನಾ ಶಿವಮೊಗ್ಗಕ್ಕೆ ಬಂದು ವ್ಯವಹಾರ ಮಾಡೋಕೆ ಶುರುಮಾಡಿದ. ಐವತ್ತಾರರಲ್ಲಿ ಕೊಟ್ಟಿಗೆ ಪಕ್ಕದ ಕೋಣೆ ಖಾಲಿ ಮಾಡಿಸುವಾಗ ಹತ್ತಿಬೀಜದ ಚೀಲಗಳ ಹಿಂದೆ ಅಪ್ಪನ ಮೋಟಾರ್ ಸೈಕಲ್ ಸಿಕ್ಕಿತು. ಎಬ್ಬಿಸೋಕೆ ಆಗುತ್ತೋ ಇಲ್ಲವೋ ನೋಡು ಬಾ ಅಂತ ನಸರುಲ್ಲಾನಿಗೆ ಹೇಳಿಕಳಿಸಿದ. ಸೀಟು ಇಲಿ ತಿಂದಿದೆ ಅಂತ ನನ್ನನ್ನೂ ಕರೆದ.

ಬಸ್ಸಲ್ಲಿ ಹೋಗುವಾಗ ನಸರುಲ್ಲಾನ ಮುಖ ನೋಡಬೇಕಿತ್ತು, ತವರಿಗೆ ಹೊರಟ ಹೆಣ್ಣುಮಗಳ ಹಾಗಿತ್ತು. ಗವಸು ತೆಗೆದ. ಟ್ಯಾಂಕಿನೊಳಗೆ ಮೂಗಿಟ್ಟು ಮೂಸಿದ, ಬೆರಳಾಡಿಸಿದ. ತುಕ್ಕಿಲ್ಲ. ಟಯರೆರಡೂ ಬಿರುಕು ಬಿಟ್ಟು ಹೋಗಿದ್ದವು. ಸೈಲೆನ್ಸರಿನ ಬಟ್ಟೆ ಎಳೆದರೆ ಹಾಗೇ ಬಂತು. ಕಿಕ್ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಿದ. ಸಿಲಿಂಡರಿನೊಳಗೆ ಗಾಳಿ ಇನ್ನೂ ಬಿಗಿ ಹಿಡಿದಿತ್ತು, ಕಿಕ್ ಅವನ ಕಾಲನ್ನ ವಾಪಸ್ ತಳ್ಳಿತು.

"ಕೆಂಚಪ್ಪಾ, ಕಂಪ್ರೆಷನ್ ಇದೆ ಮಾರಾಯ! ಹದಿನಾಲ್ಕು ವರ್ಷ! ನಾನು ಬಿಟ್ಟ ಆಯಿಲ್ ಕಾಪಾಡಿದೆ" ಅಂತ ಕಣ್ಣರಳಿಸಿದ. ಆಮೇಲೆ ವೀರಪ್ಪನ ಕಡೆ ತಿರುಗಿ, "ಇದು ಸತ್ತಿಲ್ಲ ಯಜಮಾನ್ರೆ, ಮಲಗಿದೆ ಅಷ್ಟೆ. ಎಬ್ಬಿಸ್ತೀನಿ. ನಾನು ಬಿಚ್ಚಿಟ್ಟ ಮ್ಯಾಗ್ನೆಟೋ ಒಳಗಿಂದ ತರಿಸಿ" ಅಂದ.

"ಯಾವ ಮ್ಯಾಗ್ನೆಟೋ?"

"ಅಮ್ಮನವರ ಕೈಗೆ ಕೊಟ್ಟಿದ್ದೆ."

"ನಮ್ಮಮ್ಮ ಸತ್ತು ನಾಲ್ಕು ವರ್ಷ ಆಯ್ತು. ಸತ್ತವರ ಮೇಲೆ ಹಾಕ್ತೀಯಾ? ಬಿಚ್ಚಿದ್ದು ನೀನು ಅಂತ ನಿನ್ನ ಬಾಯಲ್ಲೇ ಬಂತಲ್ಲ."

"ಅಡಿಗೆಮನೆಯಲ್ಲಿ ಎಲ್ಲಾದರೂ ಬೆಚ್ಚಗೆ ಇಟ್ಟಿರ್ತಾರೆ. ಒಳಗೆ ಒಂದು ಮಾತು ಕೇಳಿ."

"ಓಹೋ! ಈಗ ಸಾಬರು ಹೇಳಿದರು ಅಂತ ನಮ್ಮ ಅಡಿಗೆಮನೆ ಜಾಲಾಡಬೇಕಾ?"

ಒಳಗೆ ವೀರಪ್ಪನ ಹೆಂಡತಿ ಇದ್ದಾಳೆ. ಎಂಟು ವರ್ಷದಿಂದ ಆ ಒಲೆ ಹಚ್ಚೋಳು ಅವಳು. ಅವಳನ್ನ ಒಂದು ಮಾತು ಕೇಳೋಕೆ ಈ ಮಹಾರಾಯನಿಗೆ ನಾಲಿಗೆ ಸವೆಯುತ್ತಿತ್ತೇ? ಕೇಳಲಿಲ್ಲ. ಹೆಂಗಸರಿಗೆ ಗಾಡಿ ವಿಷಯ ಏನು ಗೊತ್ತು ಅನ್ನೋ ಜಂಬ.

ಮರುದಿನ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ವೀರಪ್ಪ ಎಲ್ಲರಿಗೂ ಕೇಳಿಸೋ ಹಾಗೆ ಶುರುಮಾಡಿದ. "ಸಾಬ ನಮ್ಮಪ್ಪನ ಗಾಡಿಯ ಮ್ಯಾಗ್ನೆಟೋ ಮಾರಿಕೊಂಡಿದ್ದಾನೆ. ಎಂಟು ದಿನದಲ್ಲಿ ತಂದಿಡದಿದ್ದರೆ ಪೊಲೀಸಿಗೆ ಕೊಡ್ತೀನಿ." ನಸರುಲ್ಲಾ ಬಾಗಿಲಲ್ಲೇ ನಿಂತಿದ್ದ. ಜಗಳಗಂಟ ಅಂತ ಊರಲ್ಲೇ ಹೆಸರಾದವನು ಅವತ್ತು ಕೂಗಾಡಲಿಲ್ಲ. ನನ್ನ ಕಡೆ ಕೈ ತೋರಿಸಿ, "ಕೆಂಚಪ್ಪ ಅಲ್ಲೇ ಇದ್ದ. ಅವನನ್ನ ಕೇಳಿ" ಅಂದ.

ಹೋಟೆಲ್ ಪೂರ್ತಿ ನನ್ನ ಕಡೆ ತಿರುಗಿತು. ವೀರಪ್ಪನ ನಾಲ್ಕು ಲಾರಿಗೂ ಟಾರ್ಪಾಲು ಹೊಲಿಯೋ ಕೆಲಸ ಹಿಂದಿನ ವಾರವಷ್ಟೇ ನನ್ನ ಕೈ ಸೇರಿತ್ತು. ನಾನು ಲೋಟ ಕೆಳಗಿಟ್ಟೆ. "ಹದಿನಾಲ್ಕು ವರ್ಷದ ಹಿಂದಿನ ಮಾತು ಸ್ವಾಮಿ. ನೆನಪಿಲ್ಲ" ಅಂದೆ.

ಥೂ ನನ್ನ ಜನ್ಮಕ್ಕೆ!

ನಸರುಲ್ಲಾ ನನ್ನ ಮುಖ ಒಂದು ಸಲ ನೋಡಿ ಹೊರಟುಹೋದ. ಅವತ್ತಿಂದ ತಗಡಿನ ಆಚೆ ಬಯ್ಗುಳ ನಿಂತುಹೋಯಿತು. ಅರ್ಧ ಬಿಚ್ಚಿದ್ದ ಗಾಡಿಗಳನ್ನ ಜನ ಹಾಗೆಹಾಗೇ ತಳ್ಳಿಕೊಂಡು ಹೋದರು. ಒಬ್ಬ ಜೀಪ್ ಡ್ರೈವರಂತೂ ರಿಪೇರಿ ಮುಗಿಯೋವರೆಗೂ ಕುಕ್ಕರುಗಾಲಲ್ಲಿ ಕೂತು ಅವನ ಕೈಯನ್ನೇ ಕಾಯ್ತಿದ್ದ. ಇಪ್ಪತ್ತು ವರ್ಷ ಊರಿನ ಇಂಜಿನ್ನೆಲ್ಲ ಮುಟ್ಟಿದ ಕೈ ಅದು.

ಐದನೇ ದಿನ ನಸರುಲ್ಲಾನ ಹೆಂಡತಿ ಅಮೀರುನ್ನೀಸಾ ನನ್ನ ಮಳಿಗೆಗೆ ಬಂದಳು. ಬುರ್ಖಾದ ಮುಸುಕು ಎತ್ತಿ ನೇರಾನೇರ ಕೇಳಿದಳು.

"ಕೆಂಚಪ್ಪಣ್ಣ, ನಿಮಗೆ ನೆನಪಿಲ್ಲ ಅಂದ್ರಂತೆ. ಪರವಾಗಿಲ್ಲ, ನನಗೆ ನೆನಪಿದೆ. ನನ್ನ ಮದುವೆ ಓಢಣಿ ಹರಿದಿದ್ದು ನನಗೆ ಮರೆಯುತ್ತಾ? ನಾಳೆ ಸೀಟು ಕೊಡೋಕೆ ಭದ್ರಾವತಿಗೆ ಹೋಗ್ತೀರಲ್ಲ, ನಾನೂ ಬರ್ತೀನಿ. ಆ ಮನೆ ಹೆಂಗಸಿನ ಹತ್ತಿರ ನಾನು ಮಾತಾಡ್ತೀನಿ. ನೀವು ದಾರಿ ತೋರಿಸಿದರೆ ಸಾಕು."

ಆ ಮಾತಿಗಿಂತ ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ವಾಸಿಯಿತ್ತು.

ಮರುದಿನ ನಾವು ಹೋದಾಗ ವೀರಪ್ಪ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಜಗದಾಂಬಮ್ಮ ಹಿತ್ತಲ ಬಾಗಿಲಿಗೆ ಬಂದರು. ಅಮೀರುನ್ನೀಸಾ ಸುತ್ತಿ ಬಳಸಲಿಲ್ಲ.

"ಅಮ್ಮಾ, ನಿಮ್ಮ ಅತ್ತೆಯವರು ಒಂದು ಗಂಟು ಇಟ್ಟಿದ್ದರಾ? ಬಿಳಿ ಚೀಲ. ಇಷ್ಟು ದಪ್ಪ. ಕಬ್ಬಿಣದಷ್ಟು ಭಾರ. ಒಲೆ ಹತ್ತಿರ ಇರಬೇಕು."

ಜಗದಾಂಬಮ್ಮ ಒಳಗಡೆ ತಿರುಗಿ ನೋಡಿದರು.

"ಒಲೆ ಮೇಲಿನ ಅಟ್ಟದಲ್ಲಿ, ಬೀಜದ ಗಡಿಗೆ ಪಕ್ಕ ಒಂದಿದೆ. ಆದರೆ ಅದು ಮುಡಿಪು ಕಣ್ರೀ ಬೂಬಮ್ಮ. ವೀರಭದ್ರನಿಗೆ ಹರಕೆ ಕಟ್ಟಿಟ್ಟಿದ್ದು. ನಾನು ಮದುವೆಯಾಗಿ ಬಂದ ದಿನವೇ ಅತ್ತೆ ತೋರಿಸಿದ್ರು, ಅದನ್ನ ಯಾರೂ ಮುಟ್ಟಬಾರದು ಅಂತ. ಪ್ರತಿ ಸೋಮವಾರ ನಾನೇ ವಿಭೂತಿ ಹಚ್ಚಿ ಹೂ ಏರಿಸ್ತೀನಿ."

"ಮುಡಿಪು ಅಂತ ಅತ್ತೆ ಹೇಳಿದ್ರಾ?"

"ಇಲ್ಲ. ಮುಟ್ಟಬಾರದು ಅಂದ್ರು ಅಷ್ಟೆ. ಗಂಟು ಕಟ್ಟಿಟ್ಟು ಮುಟ್ಟಬಾರದು ಅಂದ್ರೆ ಇನ್ನೇನು ಅಂದ್ಕೋಬೇಕು? ಒಳಗೆ ರೂಪಾಯಿ ನಾಣ್ಯ ಇದೆ ಅಂದ್ಕೊಂಡಿದ್ದೆ."

ಮುಡಿಪನ್ನ ದೇವರ ಸನ್ನಿಧಿಯಲ್ಲೇ ಬಿಚ್ಚಬೇಕು, ಮನೆಯಲ್ಲಿ ಬಿಚ್ಚಿದರೆ ಮನೆತನಕ್ಕೆ ಒಳ್ಳೆಯದಾಗಲ್ಲ ಅಂತ ಜಗದಾಂಬಮ್ಮ ಹಿಂಜರಿದರು. ಅಮೀರುನ್ನೀಸಾ ಬಲವಂತ ಮಾಡಲಿಲ್ಲ. "ನಮ್ಮವರನ್ನ ಕಳ್ಳ ಅಂತಿದ್ದಾರಮ್ಮ" ಅಂದಳು, ಅಷ್ಟೆ. ಜಗದಾಂಬಮ್ಮ ಕೊರಳಿನ ಲಿಂಗದ ಕರಡಿಗೆಯನ್ನ ಒಂದು ಸಲ ಹಿಡಿದುಕೊಂಡರು. ಒಳಗೆ ಹೋಗಿ ಏಣಿ ಹಾಕಿ ತಾವೇ ಇಳಿಸಿಕೊಂಡು ಬಂದರು.

ಬಿಳಿ ಚೀಲ ಹೊಗೆಗೆ ಕಪ್ಪಾಗಿತ್ತು. ಮುಂಭಾಗದಲ್ಲಿ ವಿಭೂತಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಹೊಲಿಗೆ ನನ್ನದೇ, ನಾನು ಗುರುತು ಹಿಡಿದೆ. ಕ್ಯಾನ್ವಾಸ್ ಬಿಚ್ಚಿ, ಮೇಣದ ಬಟ್ಟೆ ಬಿಚ್ಚಿದರೆ ಹಸಿರು ಓಢಣಿ, ಅಂಚಿನ ಜರಿ ಇನ್ನೂ ಮಿಣುಕ್ತಿತ್ತು. ಒಳಗೆ ಮ್ಯಾಗ್ನೆಟೋ ಗರಿಗರಿಯಾಗಿ ಒಣಗಿ ಕೂತಿತ್ತು. ಅಮೀರುನ್ನೀಸಾ ಅಲ್ಲೇ ಬಾವಿಕಟ್ಟೆ ಮೇಲೆ ಕೂತು ಅತ್ತುಬಿಟ್ಟಳು.

ಮ್ಯಾಗ್ನೆಟೋ ಸಿಕ್ಕಿದೆ, ಬಂದು ಗಾಡಿ ಎಬ್ಬಿಸು ಅಂತ ವೀರಪ್ಪ ಹೇಳಿಕಳಿಸಿದ. ಗಾಡಿ ಎಬ್ಬಿಸೋಕೆ ನೀನು ಹೋಗಬೇಡ ಮಾರಾಯ, ಅವನೇ ಒದ್ದಾಡಲಿ ಅಂತ ನಾನು ನಸರುಲ್ಲಾನಿಗೆ ಹೇಳಿದೆ. "ಗಾಡಿ ಏನು ತಪ್ಪು ಮಾಡಿದೆ?" ಅಂದ. ಆ ಐದಾರು ದಿನದಲ್ಲಿ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಶುಕ್ರವಾರ ಗಾಡಿಗೆ ಪೂಜೆ. ವೀರಪ್ಪ ಬೀದಿಯ ಜನರನ್ನೆಲ್ಲ ಕರೆದಿದ್ದ, ಲಾರಿ ಡ್ರೈವರುಗಳೂ ಬಂದಿದ್ದರು. ಹೊಸ ಟಯರು ಹಾಕಿಸಿದ್ದಾಗಿತ್ತು. ನಸರುಲ್ಲಾ ಮ್ಯಾಗ್ನೆಟೋದ ಪಾಯಿಂಟ್ ಉಜ್ಜಿದ, ಕೂರಿಸಿದ, ಸಿಗರೇಟು ಪ್ಯಾಕಿನ ತೆಳು ಕಾಗದ ತೂರಿಸಿ ಕಿಡಿ ಹಾರೋ ಟೈಮಿಂಗ್ ಹಿಡಿದ. ಮೂರು ಕಿಕ್ಕಿಗೆ ಬರೀ ಕೆಮ್ಮು. ನಾಲ್ಕನೆಯದಕ್ಕೆ ಬೀದಿಯೆಲ್ಲ ನಡುಗುವ ಹಾಗೆ ಗುಡುಗಿತು. ಜನ ಚಪ್ಪಾಳೆ ಹೊಡೆದರು.

ವೀರಪ್ಪ ಏನಂದ ಗೊತ್ತಾ? ಎರಡೂ ಕೈ ಮೇಲೆತ್ತಿ, "ನಮ್ಮ ವೀರಭದ್ರ ಕಾಪಾಡಿದ! ಹದಿನಾಲ್ಕು ವರ್ಷ ತನ್ನ ಮುಡಿಪು ಮಾಡಿಕೊಂಡು ಕಾಪಾಡಿದ!" ಅಂದ. ಕಳೆದಾಗ ಕದ್ದವನು ನಸರುಲ್ಲಾ, ಸಿಕ್ಕಾಗ ಕಾಪಾಡಿದವನು ದೇವರು! ಇದ್ಯಾವ ಊರಿನ ನ್ಯಾಯ ಹೇಳಿ. ಎಣ್ಣೆ ಬಿಟ್ಟವನು, ಸುತ್ತಿಟ್ಟವನು, ಬೆಚ್ಚಗಿಡಿ ಅಂದವನು ಎದುರಿಗೇ ಗ್ರೀಸು ಕೈ ಒರೆಸಿಕೊಳ್ತಾ ನಿಂತಿದ್ದ.

ವೀರಪ್ಪ ತಟ್ಟೆಯಲ್ಲಿ ಎಲೆ ಅಡಿಕೆ, ಪಂಚೆ ಇಟ್ಟು ಕೊಡೋಕೆ ಬಂದ. ನಸರುಲ್ಲಾ ಮುಟ್ಟಲಿಲ್ಲ.

"ಯಜಮಾನ್ರೆ, ಹೋಟೆಲಿನಲ್ಲಿ ಹೇಳಿದ ಮಾತನ್ನ ಇಲ್ಲಿ ವಾಪಸ್ ತಗೊಳ್ಳಿ. ನನಗೆ ಬೇರೇನೂ ಬೇಡ."

"ಸಿಕ್ತಲ್ಲ, ಬಿಡೋ ಮಾರಾಯ. ಶುಭದ ದಿನ ಅದೆಲ್ಲ ಯಾಕೆ?"

"ಹಾಗಾದರೆ ನನ್ನ ಹೆಂಡತಿ ಓಢಣಿ ತುಂಡಾದರೂ ಕೊಡಿ."

"ಅದು ದೇವರಮನೆ ಸೇರಿದೆ. ಹೊರಗೆ ತರೋಕಾಗಲ್ಲ."

ಅಷ್ಟೂ ಜನ ಗಾಡಿ ಕಡೆ ನೋಡ್ತಾ ನಿಂತರು. ನಾನು ಬಾಯಿ ತೆಗೆಯಬೇಕು ಅಂತ ಗಂಟಲು ಸರಿಮಾಡಿಕೊಳ್ತಿದ್ದೆ, ಸುಳ್ಳು ಯಾಕೆ ಹೇಳಲಿ, ಬರೀ ಸರಿಮಾಡಿಕೊಳ್ತಾನೇ ಇದ್ದೆ. ಅಷ್ಟರಲ್ಲಿ ಜಗದಾಂಬಮ್ಮ ಒಳಗಿಂದ ಬಂದರು. ಕೈಯಲ್ಲಿ ಹಸಿರು ಬಟ್ಟೆ. ಅಷ್ಟು ಗಂಡಸರ ಮಧ್ಯೆ ಮೆಟ್ಟಿಲಿಳಿದು, ಬೇಲಿ ಪಕ್ಕ ನಿಂತಿದ್ದ ಅಮೀರುನ್ನೀಸಾಳ ಕೈಗೆ ಕೊಟ್ಟರು. ಅವರ ಮಾತು ಬೀದಿಗೆಲ್ಲ ಕೇಳಿಸಿತು.

"ನಿಮ್ಮ ಯಜಮಾನ್ರು ಕದ್ದಿಲ್ಲ ಬೂಬಮ್ಮ. ನಮ್ಮ ಮನೆಯಲ್ಲೇ ಇತ್ತು. ನಮ್ಮವರು ನನ್ನನ್ನ ಕೇಳಲಿಲ್ಲ."

ವೀರಪ್ಪ ತಲೆ ತಗ್ಗಿಸಿ ಗಾಡಿಯ ಹೂವು ಸರಿಮಾಡ್ತಾ ನಿಂತ. ಗಂಡ ಹೆಂಡತಿ ಬಸ್ಸಿಗೆ ನಡೆದು ಹೋದರು.

ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸ್ ಬಂದರು. ಬಯ್ಗುಳವೂ ಬಂತು. ಆದರೆ ಹಳೇ ಪದ್ಧತಿಗೆ ಒಂದು ಹೊಸದು ಸೇರಿಕೊಂಡಿತು. ಗಾಡಿಯಿಂದ ಏನು ಬಿಚ್ಚಿದರೂ, ಒಂದು ನಟ್ಟಾದರೂ ಸರಿ, ಯಜಮಾನನ ಕೈಗೆ ಕೊಡೋ ಮುಂಚೆ ತಗಡು ಬಡಿದು ಕರೀತಾನೆ. "ಕೆಂಚಪ್ಪಾ, ಬಾ ಇಲ್ಲಿ. ಕೊಡ್ತಿದ್ದೀನಿ, ನೋಡು." ಸಾಕ್ಷಿಗೆ ಬೇರೆ ಯಾರನ್ನೂ ಕರೆಯೋದಿಲ್ಲ, ನನ್ನನ್ನೇ ಕರೀತಾನೆ. ಸೂಜಿ ಅಲ್ಲೇ ಚುಚ್ಚಿಟ್ಟು ಎದ್ದು ಹೋಗ್ತೀನಿ. "ನೋಡಿದೆ" ಅಂತೀನಿ. ದಿನಕ್ಕೆ ಹತ್ತು ಸಲ ಹೇಳ್ತೀನಿ. ಅವತ್ತು ಹೋಟೆಲಿನಲ್ಲಿ ಒಂದೇ ಒಂದು ಸಲ ಹೇಳಬೇಕಾಗಿತ್ತು.